ಮಾಲ್ಡೀವ್ಸ್‌ದಾಗ ಛಲೋ ರೆಸಾರ್ಟ್ ಆರಿಸೂದು ಹೆಂಗ? ಅವ್ವ, ಸಣ್ಣ ಮಗಳು ಜೋಡಿ ಇರ್ತಾರ, ಪೂರ್ತಿ ವೆಜ್

ಘಟಪ್ರಭಾ_ದಂಡಿ, ಬಾಗಲಕೋಟೆ

ಎಲ್ಲಾರಿಗೂ ನಮಸ್ಕಾರ್ರಿ. ಏಪ್ರಿಲ್‌ದಾಗ ಮಗಳ ಸಾಲಿ ಸೂಟಿ ಬಿಟ್ಟಕೂಡ್ಲೆ ಮಾಲ್ಡೀವ್ಸ್‌ಗೆ ಹೋಗಬೇಕಂತ ಮಾಡೀವಿ. ನಾನು, ನಮ್ಮ ಮನಿಯವರು, ಐದ ವರ್ಷದ ಮಗಳು, ಮತ್ತ ನಮ್ಮ ಅವ್ವ. ಅಪ್ಪ ಹೋದ ಮ್ಯಾಲ ಅವ್ವ ಟೇಲರಿಂಗ್ ಮಾಡಿ ನಮ್ಮನ್ನ ಓದಿಸ್ಯಾಳ, ಆಕಿ ಊರ ಬಿಟ್ಟು ಹೋಗಿದ್ದಂದ್ರ ಶ್ರೀಶೈಲ, ಪಂಢರಪುರ, ಒಮ್ಮೆ ಗೋಕರ್ಣ, ಅಷ್ಟ. ಗೋಕರ್ಣದಾಗ ಸಮುದ್ರದ ಮುಂದ ಕುಂತಾಕಿ ಏಳಾಕ ಒಲ್ಲೆ ಅಂದ್ಲು, ಬಸ್ಸಿಗೆ ಹೊತ್ತಾತು ಅಂತ ನಾವ ಎಬ್ಬಿಸಿಕೊಂಡು ಬಂದ್ವಿ. ಈ ಸಲ ಆಕಿ ಎಷ್ಟ ಹೊತ್ತ ಬೇಕಾದ್ರೂ ಕುಂಡ್ರೂವಂಥಾ ಜಾಗಾ ಬೇಕ್ರಿ, ಯಾರೂ ಎಬ್ಬಿಸಬಾರ್ದು.

ರೊಕ್ಕ ಕೂಡಿಸಿ ಇಟ್ಟೀವಿ, ಲಗ್ಜುರಿ ರೆಸಾರ್ಟ್‌ನ ಮಾಡೂದು, ಅದರಾಗ ಹಿಂದ ಮುಂದ ನೋಡೂದಿಲ್ಲ. ಆದ್ರ ಏಜೆಂಟ್ ತೋರಿಸಿದ ಎಲ್ಲಾ ರೆಸಾರ್ಟ್ ಫೋಟೋನೂ ಒಂದ ನಮೂನಿ ಅದಾವ, ಅದ ನೀಲಿ ನೀರು, ಅದ ಕಟ್ಟಿಗಿ ಮನಿ, ನೀರ ಮ್ಯಾಲ ಜೋಕಾಲಿ, ರೇಟ್ ನೋಡಿದ್ರ ಒಂದಕ್ಕೊಂದು ಡಬಲ್, ಯಾಕ್ರಿ ಡಬಲ್ ಅಂದ್ರ ‘ಅದು ಪ್ರೀಮಿಯಮ್ ಮೇಡಮ್’ ಅಂತಾರ ಹೊರ್ತು ಮುಂದ ಏನೂ ಹೇಳವಲ್ರು. ಅವ್ವಗ ಮೊಣಕಾಲ ನೋವು ಐತಿ, ಬಿಪಿ ಗುಳಗಿ ತಗೋತಾಳ, ತತ್ತಿ ಸುದ್ದಾ ಮುಟ್ಟಂಗಿಲ್ಲ. ಮಗಳು ನೀರ ಕಂಡ್ರ ಓಡಾಕಿ. ನಮ್ಮೊಳಗ ಯಾರಿಗೂ ಈಜ ಬರೂದಿಲ್ಲ. ಇಂಥಾ ಮಂದಿ ವಾಟರ್ ವಿಲ್ಲಾ, ಅಂದ್ರ ನೀರ ಮ್ಯಾಲ ಕಟ್ಟಿದ ಮನಿ, ತಗೋಬೇಕೋ ಬ್ಯಾಡೋ? ಯಾವುದನ್ನ ನೋಡಿ ಆರಿಸಬೇಕು? ಹೋಗಿ ಬಂದವರು, ಗೊತ್ತಿದ್ದವರು ಹೇಳ್ರಿ.

ಕುಂದಾನಗರಿ_ಹುಡುಗ, ಬೆಳಗಾವಿ

ಅಕ್ಕಾರ, ರೂಮಿನ ಫೋಟೋ ಬಾಜೂಕ ಇಡ್ರಿ. ಮೊದ್ಲ ಕೇಳೂ ಪ್ರಶ್ನೆ ಅಂದ್ರ ಅಲ್ಲಿ ರಾಜಧಾನಿ ಮಾಲೆ ಏರ್‌ಪೋರ್ಟಿಂದ ರೆಸಾರ್ಟಿಗೆ ಹೆಂಗ ಹೋಗೂದು ಅಂತ. ಆ ದೇಶ ದಕ್ಷಿಣೋತ್ತರ 800 ಕಿಲೋಮೀಟರ್‌ಕ್ಕಿಂತ ಉದ್ದ ಹರಡೈತಿ, ಸುಮಾರು 1,200 ಸಣ್ಣ ಸಣ್ಣ ದ್ವೀಪ, ಒಂದ ದ್ವೀಪಕ್ಕ ಒಂದ ರೆಸಾರ್ಟ್ ಅನ್ನೂದು ಅಲ್ಲಿ ಪದ್ಧತಿ, 1972ರಾಗ ಕುರುಂಬಾ ಅನ್ನೂ ಮೊದಲನೇ ರೆಸಾರ್ಟ್ ಶುರುವಾದಾಗಿಂದ ಹಂಗ ನಡದೈತಿ. ಅಂದ್ರ ಅಲ್ಲಿ ಇಳಿದ ಮ್ಯಾಲ ಬಾಜೂಕ ಇನ್ನೊಂದ ಹೊಟೇಲ್ ಐತಿ, ಅಲ್ಲಿ ಹೋಗಿ ಉಂಡ ಬರ್ತೀವಿ ಅನ್ನಾಕ ಬರೂದಿಲ್ಲ.

ಮಾಲೆ ಹತ್ರದ್ದಿದ್ರ ಸ್ಪೀಡ್‌ಬೋಟ್, ದೂರಿದ್ರ ಸೀಪ್ಲೇನ್ (ನೀರ ಮ್ಯಾಲ ಇಳಿಯೂ ಸಣ್ಣ ವಿಮಾನ), ಇನ್ನೂ ದೂರಿದ್ರ ಒಳಗಿನ ವಿಮಾನ, ಅದರ ಮ್ಯಾಲ ಮತ್ತ ಬೋಟ್. ಸೀಪ್ಲೇನ್ ಹಗಲಷ್ಟ ಹಾರತಾವ, ನೀವು ಮಧ್ಯಾಹ್ನ ಮೂರೂವರಿ ಮ್ಯಾಲ ಮಾಲೆದಾಗ ಇಳದ್ರಿ ಅಂದ್ರ ಅವತ್ತ ಸಿಗೂದು ಭಾಳ ಕಷ್ಟ, ರಾತ್ರಿ ಅಲ್ಲೇ ಮಾಲೆದಾಗ ಲಾಡ್ಜ್ ಮಾಡಿ ಉಳೀಬೇಕು, ಆ ಕಡೆ ರೆಸಾರ್ಟ್‌ದಾಗ ಆ ರಾತ್ರಿ ಬಾಡಿಗಿ ಹೋಗಿಬಿಡ್ತೈತಿ. ರೇಟೂ ಕಡಿಮಿ ಅಲ್ಲ, ಹೋಗಿ ಬರೂದು ಒಬ್ಬರಿಗೆ ಹೆಚ್ಚು ಕಡಿಮಿ 400ರಿಂದ 700 ಡಾಲರ್, ಇಷ್ಟ ದೊಡ್ಡ ಖರ್ಚು ಪ್ಯಾಕೇಜಿನ ಮೊದಲನೇ ಪುಟದಾಗ ಇರೂದ ಇಲ್ಲ.

ಆಮ್ಯಾಲ ರೇಟ್ ಹೇಳುವಾಗ ‘ಪ್ಲಸ್ ಪ್ಲಸ್’ ಅಂತ ಬರದಿದ್ರ ಹುಷಾರ್ರಿ. 10 ಪರ್ಸೆಂಟ್ ಸರ್ವಿಸ್ ಚಾರ್ಜ್, ಅದನ್ನೂ ಕೂಡಿಸಿ ಅದರ ಮ್ಯಾಲ 17 ಪರ್ಸೆಂಟ್ ಟ್ಯಾಕ್ಸ್, 2025ರ ಜುಲೈದಾಗ 16 ಇದ್ದದ್ದು 17 ಮಾಡ್ಯಾರ. 500 ಡಾಲರ್ ಅಂದ ವಿಲ್ಲಾ 643 ದಾಟ್ತೈತಿ. ಇದರ ಹೊರ್ತು ಗ್ರೀನ್ ಟ್ಯಾಕ್ಸ್, ರೆಸಾರ್ಟ್‌ದಾಗ ಒಬ್ಬರಿಗೆ ಒಂದ ರಾತ್ರಿಗೆ 12 ಡಾಲರ್, ನೀವ ನಾಲ್ಕ ಮಂದಿ ಅಂದ್ರ ದಿನಾ 48. ಏಜೆಂಟಗ ‘ಎಲ್ಲಾ ಟ್ಯಾಕ್ಸ್, ಟ್ರಾನ್ಸ್‌ಫರ್ ಕೂಡಿ ನಾಲ್ಕೂ ಮಂದಿದು ಒಟ್ಟ ಎಷ್ಟು’ ಅಂತ ಒಂದ ಲೈನ್‌ದಾಗ ಬರದ ಕೊಡ ಅನ್ರಿ. ಅವಾಗ ಆ ಡಬಲ್ ರೇಟಿನ ಗುಟ್ಟು ಅರ್ಧ ಬಿಚ್ಚತೈತಿ, ಯಾಕಂದ್ರ ಸೋವಿ ಕಂಡದ್ದು ಸೀಪ್ಲೇನ್ ಕೂಡಿಸಿದ್ರ ತುಟ್ಟಿ ಬೀಳ್ತೈತಿ.

ಇನ್ನೊಂದು, ಬಾಗಲಕೋಟೆಯಿಂದ ರಾತ್ರಿ ಗೋಳಗುಮ್ಮಟ ರೈಲಿಗೆ ಬಂದು ಅವತ್ತ ಮುಂಜಾನಿ ವಿಮಾನ ಹಿಡೀತೀವಿ ಅನ್ನೂ ಲೆಕ್ಕ ಹಾಕಬ್ಯಾಡ್ರಿ, ರೈಲ್ ಲೇಟ್ ಆದ್ರ ದೇವನಹಳ್ಳಿ ತನಕಾ ಜೀವ ಕೈಯಾಗ ಹಿಡ್ಕೊಂಡ ಓಡಬೇಕು. ಹಿಂದಿನ ದಿನಾನ ಬೆಂಗಳೂರಾಗ ಉಳೀರಿ, ಅವ್ವಾರಿಗೂ ಆರಾಮ ಆಗ್ತೈತಿ.

ವಿಜಾಪುರ_ಟು_ಮಾಲೆ

ಅಕ್ಕಾರ, ನಾನು ವಿಜಯಪುರದಾವ, ಸದ್ಯ ಮಾಲ್ಡೀವ್ಸ್‌ದಾಗ ಒಂದು ರೆಸಾರ್ಟಿನ ಫ್ರಂಟ್ ಆಫೀಸ್‌ದಾಗ ಕೆಲಸ ಮಾಡ್ತೀನಿ. ಎಲ್ಲಿ ಅಂತ ಹೇಳಂಗಿಲ್ಲ, ನಿಮಗ ನಮ್ಮದ ಬುಕ್ ಮಾಡ್ರಿ ಅಂತ ಹೇಳೂದೂ ಇಲ್ಲ. ಬೆಳಗಾವಿ ಅಣ್ಣಾರು ಹೇಳಿದ್ದು ಬರೋಬ್ಬರಿ ಐತಿ.

ವಾಟರ್ ವಿಲ್ಲಾ ಬ್ಯಾಡ್ರಿ. ನಿಮ್ಮ ಕುಟುಂಬಕ್ಕ ಬೀಚ್ ವಿಲ್ಲಾನ ಸರಿ. ವಾಟರ್ ವಿಲ್ಲಾ ಹಿಂದ ಕಟ್ಟಿಗಿ ಡೆಕ್ ಇರ್ತೈತಿ, ಭಾಳ ಕಡೆ ಅದಕ್ಕ ಕಟಾಂಜನ ಇರಂಗಿಲ್ಲ, ಡೆಕ್‌ದಿಂದ ಒಂದು ಏಣಿ ಸೀದಾ ಸಮುದ್ರಕ್ಕ ಇಳದಿರ್ತೈತಿ, ಪಾಚಿ ಹಿಡದು ಜಾರ್ತಾವ ಆ ಮೆಟ್ಟಲ. ಮಗು ರಾತ್ರಿ ಎದ್ದು ಬಾಗಲಾ ತಗದ್ರ ಮುಂದ ನೀರ. ಎಷ್ಟೋ ರೆಸಾರ್ಟ್‌ದಾಗ 12 ವರ್ಷದ ಒಳಗಿನ ಮಕ್ಕಳನ್ನ ವಾಟರ್ ವಿಲ್ಲಾದಾಗ ಇಡಾಕ ಕೊಡಂಗಿಲ್ಲ, ಕೊಟ್ರೂ ‘ಏನರ ಆದ್ರ ನಮ್ಮ ಜವಾಬ್ದಾರಿ’ ಅಂತ ತಂದಿ ತಾಯಿ ಸಹಿ ಮಾಡಿ ಕೊಡಬೇಕು. ಬೀಚ್ ವಿಲ್ಲಾ ಆದ್ರ ಬಾಗಲಾ ತಗದ್ರ ಉಸುಕು, ಗಿಡದ ನೆರಳು, ಹತ್ತಿಪ್ಪತ್ತ ಹೆಜ್ಜಿ ದಾಟಿದ್ರ ಮೊಣಕಾಲ ಮಟ್ಟದ ನೀರು. ಅವ್ವಾರು ಕಟ್ಟಿ ಮ್ಯಾಲ ಕುಂಡ್ರಬೌದು, ಮಗಳು ಅವರ ಕಣ್ಣ ಮುಂದ ಆಡ್ತಾಳ. ರೇಟೂ ಕಡಿಮಿ. ನೀರ ಮ್ಯಾಲ ಇರಬೇಕನ್ನೂ ಆಸೆ ಇದ್ರ ಸಂಜಿಮುಂದ ಜೆಟ್ಟಿ (ಬೋಟ್ ಹತ್ತಿ ಇಳಿಯೂ ಕಟ್ಟಿ) ಮ್ಯಾಲ ಅಡ್ಡಾಡ್ರಿ, ಅಲ್ಲೇ ನಿಂತು ಕೆಳಗ ನೋಡಿದ್ರ ಸಣ್ಣ ಶಾರ್ಕ್ ಮರಿ, ರೇ ಮೀನು ತಿರಗ್ಯಾಡೂದು ಕಾಣ್ತಾವ.

ಮೊಬೈಲಾಗ ಆ ದ್ವೀಪದ ಸ್ಯಾಟಲೈಟ್ ಫೋಟೋ ತಗದ ನೋಡ್ರಿ, ಬ್ರೋಷರ್‌ಕ್ಕಿಂತ ಅದು ಖರೇ ಹೇಳ್ತೈತಿ. ಹಸರ ಎಷ್ಟ ಐತಿ ನೋಡ್ರಿ. ಹಳೇ ದ್ವೀಪ ಇದ್ರ ತೆಂಗು, ದೊಡ್ಡ ದೊಡ್ಡ ಗಿಡ ಇರ್ತಾವ, ಇತ್ತೀಚಿಗೆ ಉಸುಕು ಹಾಕಿ ಮಾಡಿದ ದ್ವೀಪಗಳೂ ಅದಾವ, ಅಲ್ಲಿ ಗಿಡ ಇನ್ನೂ ಸಣ್ಣವು, ಏಪ್ರಿಲ್ ಬಿಸಲಾಗ ನೆರಳ ಹುಡುಕಬೇಕಾಗ್ತೈತಿ. ದಂಡಿಗೆ ಕಲ್ಲಿನ ಗ್ವಾಡಿ ಗೆರಿ ಕಂಡ್ರ ಅಲ್ಲಿ ಉಸುಕು ಕೊಚ್ಚಿ ಹೋಗ್ತೈತಿ ಅಂತ ತಡೆಗೋಡೆ ಹಾಕ್ಯಾರ, ನಿಮ್ಮ ವಿಲ್ಲಾ ಆ ಕಡೆ ಬಂದ್ರ ಸಮುದ್ರದ ಬದಲಿ ಕಲ್ಲ ನೋಡ್ಕೊಂತ ಕುಂಡ್ರಬೇಕು. ದ್ವೀಪದ ಸುತ್ತ ತಿಳಿ ಬಣ್ಣದ ನೀರು ಅಗಲ ಇದ್ರ ಅದು ಲಗೂನ್, ಆಳ ಇಲ್ಲ, ಈಜ ಬರದವರಿಗೆ ಅದ ಬೇಕು. ಕಡು ನೀಲಿ ದಂಡಿ ಹತ್ರನ ಬಂದಿದ್ರ ಅಲ್ಲಿ ಹವಳದ ಬಂಡಿ ಮುಗದು ಆಳ ಶುರು ಆಗ್ತೈತಿ, ಮೀನ ನೋಡಾಕ ಸ್ವರ್ಗ, ಆದ್ರ ನೀರಿನ ಸೆಳವು ಇರ್ತೈತಿ. ನಮ್ಮ ಕಡೆ ಬಾವಿಯೊಳಗ, ಕೃಷ್ಣಾ ಹೊಳ್ಯಾಗ ಈಜ ಕಲತವರು ಸುದ್ದಾ ಇಲ್ಲಿ ಲೈಫ್ ಜಾಕೆಟ್ ಹಾಕ್ಕೊಳ್ಳದ ಇಳೀಬಾರದು, ನಾನು ಬಂದವರಿಗೆಲ್ಲಾ ಕೈ ಮುಗದು ಹೇಳ್ತೀನಿ.

ಊಟದ ವಿಷಯ. ಇಲ್ಲಿಯವರ ಊಟ ಅಂದ್ರ ಟ್ಯೂನಾ ಮೀನು. ಮುಂಜಾನಿ ನಾಷ್ಟಾದಾಗ ರೋಶಿ ಅಂತ ಚಪಾತಿ ಥರಾ ಇಟ್ಟಿರ್ತಾರ, ಅದರ ಬಾಜೂಕ ಹಸಿ ಕೊಬ್ಬರಿ, ಉಳ್ಳಾಗಡ್ಡಿ, ಮೆಣಸಿನಕಾಯಿ ಕಲಿಸಿದ್ದು ಇರ್ತೈತಿ, ನೋಡಿದ್ರ ಕೊಬ್ಬರಿ ಚಟ್ನಿ ಅಂತ ಹಾಕ್ಕೋತಾರ, ಅದು ಮಾಸ್ ಹುನಿ, ಅದರಾಗ ಮೀನು ಐತ್ರಿ. ಅವ್ವಾರಿಗೆ ಮೊದ್ಲ ಹೇಳಿಡ್ರಿ. ಛಲೋ ರೆಸಾರ್ಟ್‌ದಾಗ ಇಂಡಿಯನ್ ಶೆಫ್ ಇರ್ತಾರ, ಬುಕ್ ಮಾಡೂಕಿಂತ ಮೊದ್ಲ ಮೇಲ್ ಹಾಕಿ ‘ತತ್ತಿ ಇಲ್ಲದ ವೆಜ್, ಬ್ಯಾರೆ ಪಾತ್ರೆದಾಗ ಮಾಡಿ ಕೊಡ್ತೀರಾ’ ಅಂತ ಕೇಳ್ರಿ. ‘ವೆಜ್ ಆಪ್ಷನ್ ಅವೈಲಬಲ್’ ಅಂತ ಒಂದ ಸಾಲು ಉತ್ತರ ಬಂದ್ರ ನಂಬಬ್ಯಾಡ್ರಿ. ಏನೇನ ಮಾಡಿ ಕೊಡ್ತೀವಿ ಅಂತ ಶೆಫ್ ಬರದ್ರ ನಂಬ್ರಿ. ಯಾರೂ ಕುಡಿಯವ್ರಲ್ಲ ಅಂದ್ರ ಆಲ್ ಇನ್‌ಕ್ಲೂಸಿವ್ ತಗೊಂಡು ಮಂದಿ ಕುಡಿಯೂ ದಾರೂದ ರೊಕ್ಕ ನೀವ್ಯಾಕ ಕೊಡ್ತೀರಿ, ಮೂರೂ ಹೊತ್ತಿನ ಊಟ ಕೂಡಿದ ಫುಲ್ ಬೋರ್ಡ್ ಸಾಕು, ಕುಡಿಯೂ ನೀರು ಅದರಾಗ ಬರ್ತೈತೋ ಇಲ್ಲೋ ಅಷ್ಟ ಕೇಳ್ಕೋರಿ.

ಟಿಳಕವಾಡಿ_ಕಾಕು, ಬೆಳಗಾವಿ

ತಂಗೀ, ನಿಮ್ಮ ಅವ್ವಾರ ಬಗ್ಗೆ ಓದಿ ಭಾಳ ಛಲೋ ಅನಸ್ತು. ನಾನು ಬ್ಯಾರೆ ಒಂದು ಹೇಳ್ತೀನಿ, ಮಾರಿಷಸ್ ವಿಚಾರ ಮಾಡ್ರಿ. ನಾವು ನಮ್ಮ ಅತ್ತೀನ ಕರ್ಕೊಂಡು ಹೋಗಿದ್ವಿ. ಮಾಲ್ಡೀವ್ಸ್‌ದಾಗ ದ್ವೀಪ ಅಂದ್ರ ಹತ್ತ ಹದಿನೈದ ನಿಮಿಷದಾಗ ಒಂದ ಸುತ್ತ ಹಾಕೂವಷ್ಟ, ಹಿರೇರಿಗೆ ಎರಡ ದಿನ ಆದ ಮ್ಯಾಲ ಬ್ಯಾಸರ ಬರ್ತೈತಿ. ಮಾರಿಷಸ್ ದೊಡ್ಡ ದ್ವೀಪ, 60 ಕಿಲೋಮೀಟರ್ ಮ್ಯಾಲ ಉದ್ದ, ರೆಸಾರ್ಟ್ ಅಷ್ಟ ಶ್ರೀಮಂತ, ಹೊರಗ ಬಂದ್ರ ಊರು, ಗುಡಿ, ಕಬ್ಬಿನ ಹೊಲ, ನಮ್ಮ ಮುಧೋಳ ಜಮಖಂಡಿ ಕಡೆ ಮಂದಿಗೆ ಕಬ್ಬ ಕಂಡ್ರ ಮನಸ್ಸಿಗೆ ಹತ್ರ ಆಗ್ತೈತಿ. ಗಂಗಾ ತಲಾವ್ ಅಂತ ಗುಡ್ಡದ ಮ್ಯಾಲ ಒಂದು ಕೆರಿ ಐತಿ, ದಂಡಿಗೆ ಶಿವನ ಗುಡಿ, ಶಿವರಾತ್ರಿಗೆ ಅಲ್ಲಿ ಮಂದಿ ನಡಕೊಂತ ಬರ್ತಾರ. ನಮ್ಮ ಅತ್ತಿ ಅಲ್ಲಿ ಕಾಲ ತೊಳ್ಕೊಂಡು ದಂಡಿಗೆ ಕುಂತು ಜಪಾ ಮಾಡಿದ್ರು.

ತಿನ್ನಾಕಂತೂ ಚಿಂತಿ ಇಲ್ಲ. ದಾಲ್ ಪುರಿ ಅಂತ ಬೀದಿಯೊಳಗ ಮಾರ್ತಾರ, ಹೋಳಿಗಿಗೆ ಬೆಲ್ಲ ಹಾಕದ ಮಾಡಿದಂಗ, ಒಳಗ ಬ್ಯಾಳಿ ಹಿಟ್ಟು, ಮೆತ್ತಗ ಇರ್ತೈತಿ, ಹಲ್ಲ ಇಲ್ಲದವರೂ ತಿಂತಾರ. ಬೀಚ್ ಆರಿಸುವಾಗ ದಿಕ್ಕ ನೋಡ್ರಿ, ಜೂನ್‌ದಿಂದ ಆಗಸ್ಟ್ ತನಕಾ ಆಗ್ನೇಯ ಗಾಳಿ ಜೋರು, ಪೂರ್ವದ ಬೆಲ್ ಮಾರ್ ಕಡೆ ಮಾರಿಗೆ ಉಸುಕು ಹೊಡೀತೈತಿ, ಪಶ್ಚಿಮದ ಫ್ಲಿಕ್ ಎನ್ ಫ್ಲಾಕ್ ಕಡೆ ಶಾಂತ ಇರ್ತೈತಿ. ಜನವರಿಯಿಂದ ಮಾರ್ಚ್ ಚಂಡಮಾರುತದ ಕಾಲ. ಏಪ್ರಿಲ್ ಕೊನೀಗೆ, ಮೇದಾಗ ಹೋದ್ರ ಹವಾ ಛಲೋ. ವಿಮಾನ ಮಾತ್ರ ಉದ್ದ, ಮುಂಬೈಯಿಂದ ಆರು ತಾಸಿನ ಮ್ಯಾಲ. ಕಾಲಿನ ಬ್ಯಾನಿ ಇದ್ದವರಿಗೆ ಅದೊಂದು ಕಷ್ಟ.

ಬನಶಂಕರಿ_ಜಾತ್ರಿ, ಬಾದಾಮಿ

ಪಾಸ್‌ಪೋರ್ಟ್ ಗದ್ದಲ ಬ್ಯಾಡಂದ್ರ ಅಂಡಮಾನ್ ಐತಲ್ರಿ. ಸ್ವರಾಜ್ ದ್ವೀಪ, ಮೊದ್ಲಿನ ಹ್ಯಾವ್‌ಲಾಕ್, ಅಲ್ಲಿ ರಾಧಾನಗರ ಬೀಚಿಗೆ ಹತ್ತಿ ಲಗ್ಜುರಿ ರೆಸಾರ್ಟ್ ಅದಾವ, ಕಾಡಿನ ನಡಬರಕ ಕಾಟೇಜು. ಪೋರ್ಟ್ ಬ್ಲೇರ್ ಹೆಸರ 2024ರಾಗ ಶ್ರೀ ವಿಜಯ ಪುರಂ ಅಂತ ಮಾಡ್ಯಾರ, ಟಿಕೆಟ್ ನೋಡುವಾಗ ಎರಡೂ ಹೆಸರ ಹಾಕಿ ನೋಡ್ರಿ. ಅಲ್ಲಿಂದ ಹಡಗಿನ್ಯಾಗ ಸುಮಾರು ಎರಡ ತಾಸು, ಸಮುದ್ರ ಎದ್ದಾಗ ಹಡಗ ಕ್ಯಾನ್ಸಲ್ ಆಗ್ತಾವ, ಅದಕ್ಕ ವಾಪಸ್ ಬರೂ ಮುಂದ ಒಂದ ದಿನ ಶ್ರೀ ವಿಜಯ ಪುರಂದಾಗ ಕೈಯಾಗ ಇಟ್ಕೋರಿ. ಆ ದಿನ ಸೆಲ್ಯುಲರ್ ಜೈಲ್ ನೋಡ್ರಿ, ಅವ್ವಾರಿಗೂ ತೋರಿಸ್ರಿ. ಮೇ ಮೂರನೇ ವಾರಕ್ಕ ಅಲ್ಲಿ ಮಳಿ ಬಂದಿರ್ತೈತಿ, ಏಪ್ರಿಲ್ ಅಡ್ಡಿಯಿಲ್ಲ.

ಘಟಪ್ರಭಾ_ದಂಡಿ, ಬಾಗಲಕೋಟೆ

ಎಲ್ಲಾರೂ ಇಷ್ಟ ಮನಸ್ಸಿಟ್ಟು ಬರದೀರಿ, ಭಾಳ ಉಪಕಾರ ಆತ್ರಿ. ರಾತ್ರಿ ಅವ್ವನ ಬಾಜೂಕ ಕುಂಡ್ರಿಸಿಕೊಂಡು ಎಲ್ಲಾ ಓದಿ ಹೇಳಿದೆ. ಆಕೀಗೆ ಮಾರಿಷಸ್ ಕೆರಿ ಗುಡಿ ಮನಸ್ಸಿಗೆ ಬಂತು, ಆದ್ರ ಆರು ತಾಸ ಕುಂಡ್ರಾಕ ಆಗಂಗಿಲ್ಲ ಅಂದ್ಲು, ಅಂಡಮಾನ್ ಹಡಗಂದ್ರ ಅಂಜಿಕಿ. ಸುತ್ತಾಡೂದು ಬ್ಯಾಡ, ಒಂದ ಕಡೆ ಇರೂಣು ಅಂತ ಆಕೀನ ಹೇಳಿದ ಮ್ಯಾಲ ಮಾಲ್ಡೀವ್ಸ್‌ನ ಫಿಕ್ಸ್ ಮಾಡೀವಿ, ಮಾಲೆ ಹತ್ರದ್ದು, ಸ್ಪೀಡ್‌ಬೋಟಿಂದು, ಬೀಚ್ ವಿಲ್ಲಾ. ಸ್ಯಾಟಲೈಟ್ ಫೋಟೋ ನೋಡಿದ್ವಿ, ಏಜೆಂಟ್ ಎಲ್ಲಾಕಿಂತ ತುಟ್ಟಿ ಹೇಳಿದ್ದಕ್ಕ ಒಂದ ಕಡೆ ಪೂರಾ ಕಲ್ಲಿನ ಗ್ವಾಡಿ ಐತಿ, ಅದನ್ನ ಬಿಟ್ವಿ.

ಇನ್ನ ಎರಡ ಮಾತ ಕೇಳೂದೈತಿ ವಿಜಾಪುರ ಅಣ್ಣಾರಿಗೆ. ಅವ್ವ ದಿನಾ ಪೂಜಾ ಮಾಡ್ದ ಚಹಾ ಸುದ್ದಾ ಕುಡಿಯಂಗಿಲ್ಲ, ಸಣ್ಣ ಬೆಳ್ಳಿ ಗಣಪ್ಪನ್ನ ಜೋಡಿ ಒಯ್ತೀನಿ ಅಂತಾಳ, ನಡೀತೈತೇನ್ರಿ? ಮತ್ತ ಅಲ್ಲಿ ಬಿಪಿ ಗಿಪಿ ಏರಿದ್ರ ಡಾಕ್ಟರ್ ಸಿಗ್ತಾರೋ ಹೆಂಗ?

ವಿಜಾಪುರ_ಟು_ಮಾಲೆ

ಮೂರ್ತಿ ಬ್ಯಾಡ್ರಿ ಅಕ್ಕಾರ. ಪೂಜಾದ ಮೂರ್ತಿ ಒಳಗ ತರೂದು ಈ ದೇಶದಾಗ ಕಾಯ್ದೆಯಿಂದ ನಿಷೇಧ ಐತಿ, ಏರ್‌ಪೋರ್ಟಿನ್ಯಾಗ ಬ್ಯಾಗ್ ಸ್ಕ್ಯಾನ್ ಮಾಡುವಾಗ ಕಂಡ್ರ ತಗದ ಇಟ್ಕೋತಾರ, ಬೆಳ್ಳಿ ಗಣಪ್ಪನ್ನ ಅಲ್ಲಿ ಬಿಟ್ಟು ಬರೂವಾಗ ಅವ್ವಾರ ಜೀವಕ್ಕ ಹೆಂಗ ಆಗಬೇಡ. ಮನಿಯೊಳಗ ದೇವರಿಗೆ ಹೇಳಿ ಬರ್ರಿ, ಇಲ್ಲಿ ಮುಂಜಾನಿ ಸ್ನಾನ ಮಾಡಿ ಸೂರ್ಯಗ ಕೈ ಮುಗದು ಜಪಾ ಮಾಡ್ಲಿ. ಅದಕ್ಕ ಮೂಡಣ ದಿಕ್ಕಿನ ವಿಲ್ಲಾ ಕೇಳ್ರಿ, ‘ಸನ್‌ರೈಸ್ ಸೈಡ್’ ಅಂತ ಇರ್ತೈತಿ, ಎಲ್ಲಾರೂ ಸನ್‌ಸೆಟ್ ಕೇಳೂದಕ್ಕ ಅದಕ್ಕ ರೇಟ್ ಜಾಸ್ತಿ, ಸನ್‌ರೈಸ್ ಕಡೀದು ಸೋವಿ ಸಿಗ್ತೈತಿ, ಮಧ್ಯಾಹ್ನದ ಮ್ಯಾಲ ನೆರಳೂ ಬರ್ತೈತಿ.

ಡಾಕ್ಟರ್ ಎಲ್ಲಾ ರೆಸಾರ್ಟ್‌ದಾಗ ಇರಂಗಿಲ್ಲ, ಕೆಲವು ಕಡೆ ನರ್ಸ್ ಅಷ್ಟ. ದ್ವೀಪದಾಗ ಇಪ್ಪತ್ನಾಲ್ಕ ತಾಸ ಡಾಕ್ಟರ್ ಇರ್ತಾರೋ, ರಾತ್ರಿ ಮಾಲೆ ದವಾಖಾನಿಗೆ ಬೋಟ್ ಬಿಡ್ತಾರೋ, ಇದನ್ನ ಅದ ಮೇಲ್‌ದಾಗ ಕೇಳ್ರಿ. ಮಾಲೆ ಹತ್ರದ್ದು ಆರಿಸಿದ್ದು ಅದಕ್ಕೂ ಛಲೋ ಆತು. ಗುಳಗಿ ಚೀಟಿ ಸಮೇತ ಕೈ ಚೀಲದಾಗ ಇಟ್ಕೋರಿ, ಇನ್ಶೂರೆನ್ಸ್ ಮಾಡಸ್ರಿ. ಸ್ಪೀಡ್‌ಬೋಟಿನ್ಯಾಗ ಅವ್ವಾರನ್ನ ಹಿಂದಿನ ಸೀಟಿನ್ಯಾಗ ಕುಂಡ್ರಸ್ರಿ, ಮುಂದ ಭಾಳ ಎತ್ತಿ ಕುಕ್ಕತೈತಿ. ವೀಸಾ ಮೊದ್ಲ ಮಾಡೂದಿಲ್ಲ, ಇಳಿದ ಮ್ಯಾಲ ಪುಕ್ಕಟೆ ಕೊಡ್ತಾರ, ಆದ್ರ ಹೊರಡೂ ಮೊದ್ಲ 96 ತಾಸಿನೊಳಗ ಇಮುಗಾ ಅನ್ನೂ ಸರ್ಕಾರಿ ಫಾರ್ಮ್ ಆನ್‌ಲೈನ್ ತುಂಬಬೇಕು, ಅದೂ ಪುಕ್ಕಟೆ, ರೊಕ್ಕ ಕೇಳೂ ವೆಬ್‌ಸೈಟ್ ಬಂದ್ರ ಅದು ಖರೇದಲ್ಲ. ಏಪ್ರಿಲ್ ಮೊದಲ ಎರಡ ವಾರದಾಗ ಸಮುದ್ರ ಶಾಂತ ಇರ್ತೈತಿ, ಮೇ ಹತ್ರ ಬಂದಂಗ ಮಳಿಗಾಳಿ ಶುರು, ಅದಕ್ಕ ಸೂಟಿ ಬಿಟ್ಟಕೂಡ್ಲೆ ಬರ್ರಿ. ಶೆಫ್ ಕಡಿಂದ ಮೇಲ್ ಉತ್ತರ ಬಂದ ಮ್ಯಾಲ ಇಲ್ಲೆ ಹಾಕ್ರಿ, ಓದಿ ನೋಡಿ ಹೇಳ್ತೀನಿ.