ನಮ್ಮ ಕೈಯಿಂದಲೇ ಬಿದ್ದು ಏಟು ತಿಂದ ದೋಟಿಯನ್ನು ‘ತಂದಾಗಲೇ ಹೀಗಿತ್ತು’ ಎಂದು ಹಿಂದಿರುಗಿಸಬಹುದೇ?

ಪ್ರಶ್ನೆ: ತೋಟದವ, ಶಿರಸಿ ತಾಲೂಕು

ಎಲ್ಲರಿಗೂ ನಮಸ್ಕಾರ. ಎರಡು ದಿನಗಳಿಂದ ಮನಸ್ಸಿನಲ್ಲಿ ಕೊರೆಯುತ್ತಿರುವ ವಿಷಯವೊಂದನ್ನು ಇಲ್ಲಿ ಇಡುತ್ತಿದ್ದೇನೆ. ನಮಗೆ ಒಂದೂವರೆ ಎಕರೆ ಅಡಿಕೆ ತೋಟವಿದೆ. ಮರ ಹತ್ತುವ ಕೊನೆಗೌಡರು ಸಿಗುವುದು ವರ್ಷದಿಂದ ವರ್ಷಕ್ಕೆ ಕಷ್ಟವಾಗುತ್ತಿರುವುದರಿಂದ, ಈ ಸಲ ಮಳೆ ಹಿಡಿದುಕೊಳ್ಳುವ ಮೊದಲೇ ನೆಲದ ಮೇಲೆ ನಿಂತು ಕೊಳೆರೋಗಕ್ಕೆ ಮದ್ದು ಹೊಡೆಯಬಹುದೆಂದು 68,000 ರೂಪಾಯಿ ಕೊಟ್ಟು ಕಾರ್ಬನ್ ಫೈಬರ್ ದೋಟಿಯೊಂದನ್ನು (ತುಂಡುಗಳನ್ನು ಒಂದರೊಳಗಿಂದೊಂದು ಎಳೆದು ಮರದೆತ್ತರಕ್ಕೆ ಉದ್ದ ಮಾಡುವ ಕೋಲು) ತಂದೆವು. ಕಳೆದ ವರ್ಷದ ಅಡಿಕೆ ಮಾರಿದ ಹಣದಲ್ಲಿ ಎತ್ತಿಟ್ಟಿದ್ದ ದುಡ್ಡು ಅದು.

ಮನೆಗೆ ತಂದ ದಿನವೇ, ಜೀಪಿನ ಹಿಂಬದಿಯಿಂದ ಇಳಿಸುವಾಗ ನನ್ನ ಕೈ ಜಾರಿ, ದೋಟಿಯು ಅಂಗಳದ ಚಿರೆಕಲ್ಲಿನ ಮೆಟ್ಟಿಲಂಚಿಗೆ ಅಡ್ಡಲಾಗಿ ಬಡಿಯಿತು. ಆಗ ಏನೂ ಕಾಣಲಿಲ್ಲ. ಮರುದಿನ ತುಂಡುಗಳನ್ನು ಒಂದೊಂದಾಗಿ ಎಳೆದು ನೋಡಿದಾಗ, ಬುಡದಿಂದ ಮೂರನೆಯ ತುಂಡಿನಲ್ಲಿ ಕಿರುಬೆರಳಿನಷ್ಟು ಉದ್ದದ, ಕೂದಲೆಳೆಯಂಥ ಗೆರೆಯೊಂದು ಕಂಡಿತು. ಉಗುರು ಆಡಿಸಿದರೆ ಮಾತ್ರ ತಾಗುವಷ್ಟು ಸಣ್ಣದು.

ಬಿಲ್ಲಿನ ಹಿಂಬದಿಯಲ್ಲಿ, ತಯಾರಿಕೆಯ ದೋಷವಿದ್ದರೆ 7 ದಿನಗಳೊಳಗೆ ಬದಲಾಯಿಸಿಕೊಡಲಾಗುವುದು ಎಂದು ಅಚ್ಚಾಗಿದೆ. ನಮ್ಮ ಭಾವ ಅದನ್ನು ಓದಿ, “ತಂದಾಗ್ಲೇ ಹಿಂಗಿತ್ತು ಹೇಳಿ ಹೇಳಿದ್ರೆ ಆತು, ಯಾರಿಗೆ ಗೊತ್ತಾಗ್ತು?” ಎಂದ. ಅವನು ಕೆಟ್ಟವನಲ್ಲ, ನನ್ನ ದುಡ್ಡು ಹೋಗುವುದನ್ನು ನೋಡಲಾರದೆ ಹೇಳಿದ ಮಾತು ಅದು. ಆದರೆ ಅಂಗಡಿಯಲ್ಲಿ ಕೆಲಸಕ್ಕಿರುವ ಹುಡುಗನೊಬ್ಬ ನನ್ನೆದುರೇ ಪ್ರತಿಯೊಂದು ತುಂಡನ್ನೂ ಎಳೆದು, ಬಟ್ಟೆಯಿಂದ ಒರೆಸಿ, “ಸರಿಯಾಗಿ ನೋಡ್ಕಳಿ” ಎಂದು ತೋರಿಸಿದ್ದ. ನಾನೀಗ ಹೋಗಿ ತಂದಾಗಲೇ ಹೀಗಿತ್ತು ಎಂದರೆ, ಆ ಹುಡುಗ ಸುಳ್ಳುಗಾರನಾಗುತ್ತಾನೆ. ನಿಜ ಹೇಳಿದರೆ ಬದಲಾಯಿಸಿಕೊಡಬೇಕಾದ ಕಟ್ಟುಪಾಡು ಅವರಿಗೇನೂ ಇಲ್ಲ. ಅವಧಿ ಮುಗಿಯಲು ಇನ್ನು ಐದು ದಿನವಿದೆ. ನೀವಾಗಿದ್ದರೆ ಏನು ಮಾಡುತ್ತಿದ್ದಿರಿ?

ಉತ್ತರ 1: ಕೃಷಿ ಉಪಕರಣದ ವ್ಯಾಪಾರಿ, ಕುಮಟಾ

ನಾನು 22 ವರ್ಷಗಳಿಂದ ಪಂಪು, ಪೈಪು, ಔಷಧಿ ಹೊಡೆಯುವ ಯಂತ್ರಗಳ ವ್ಯಾಪಾರದಲ್ಲಿದ್ದೇನೆ. ಹಿಂದಿರುಗಿಸಿದ ಸಾಮಾನು ಏನಾಗುತ್ತದೆ ಎಂಬುದು ಕೊಳ್ಳುವವರಲ್ಲಿ ಬಹಳ ಜನರಿಗೆ ಗೊತ್ತಿಲ್ಲದಿರುವುದರಿಂದ, ಮೊದಲು ಅದನ್ನೇ ಹೇಳುತ್ತೇನೆ. ‘ಕಂಪನಿಗೆ ಹೋಗುತ್ತದೆ, ಅವರಿಗೇನು ಕಡಿಮೆ’ ಎಂದುಕೊಳ್ಳುತ್ತಾರೆ. ಹಾಗಾಗುವುದಿಲ್ಲ. ನಾವು ಅದನ್ನು ವಿತರಕರಿಗೆ ಕಳಿಸಬೇಕು, ವಿತರಕರು ಕಂಪನಿಗೆ ಕಳಿಸಬೇಕು, ಅಲ್ಲಿ ಕುಳಿತವರು ಏಟಿನ ಗುರುತು ಕಂಡ ತಕ್ಷಣ ‘ಬಳಕೆದಾರರ ತಪ್ಪು’ ಎಂದು ಬರೆದು ವಾಪಸು ಕಳಿಸುತ್ತಾರೆ. ಹೋಗುವ ಮತ್ತು ಬರುವ ಲಾರಿ ಬಾಡಿಗೆ ನಮ್ಮದು. ನಿಮಗೆ ಹೊಸದನ್ನು ಕೊಟ್ಟಾಗಿರುತ್ತದೆ, ಒಡೆದದ್ದು ನಮ್ಮ ಅಟ್ಟದ ಮೇಲೆ ಕುಳಿತಿರುತ್ತದೆ. ದೊಡ್ಡ ಮಳಿಗೆಗಳ ಲೆಕ್ಕ ಬೇರೆ ಇರಬಹುದು. ತಾಲೂಕು ಕೇಂದ್ರದ ಅಂಗಡಿಗೆ ಅಂಥದ್ದೊಂದು ಬಿದ್ದರೆ, ಆಮೇಲೆ ಅಂಥ ಹತ್ತು ಸಾಮಾನು ಮಾರಿದರೂ ಕೈಗೆ ಉಳಿಯುವುದು ಅಷ್ಟಕ್ಕಷ್ಟೇ.

ಅಂಗಡಿಯ ಹುಡುಗನ ವಿಷಯವನ್ನು ನೀವು ಎತ್ತಿದ್ದು ನನ್ನ ಎದೆಗೆ ತಾಗಿತು. ಕೆಲವು ವರ್ಷಗಳ ಹಿಂದೆ ಒಬ್ಬರು ಹೊಸ ಪಂಪನ್ನು ಮೂರೇ ದಿನಕ್ಕೆ ತಂದು, ಡಬ್ಬ ಒಡೆದಾಗಲೇ ಅದರ ಕವಚ ಬಿರುಕು ಬಿಟ್ಟಿತ್ತು ಎಂದರು. ಗಿರಾಕಿಯ ಮಾತಿಗೆ ಎದುರಾಡಬಾರದೆಂದು ನಾನು ಬದಲಾಯಿಸಿಕೊಟ್ಟೆ. ಅವರು ಹೋದ ಮೇಲೆ, ಲಾರಿಯಿಂದ ಇಳಿಸುವಾಗ ನೀನೇ ಕೆಡವಿದ್ದೀಯ ಎಂದು ಕೆಲಸದ ಹುಡುಗನ ಮೇಲೆ ರೇಗಿದೆ. ಅವನು ಇಲ್ಲ ಎಂದ. ನಾನು ನಂಬಲಿಲ್ಲ. ಆ ತಿಂಗಳ ಸಂಬಳದಲ್ಲಿ ಒಂದಷ್ಟು ಹಿಡಿದುಕೊಂಡೆ. ಎರಡು ತಿಂಗಳ ನಂತರ ಆ ಗಿರಾಕಿಯ ಪಕ್ಕದ ಮನೆಯವರೇ ಅಂಗಡಿಗೆ ಬಂದಾಗ, ಪಂಪು ಬಾವಿಕಟ್ಟೆಯಿಂದ ಕೆಳಗೆ ಬಿದ್ದದ್ದನ್ನು ಮಾತಿನ ಮಧ್ಯೆ ಹೇಳಿದರು. ನಾನು ಹುಡುಗನ ಹಣವನ್ನು ಕೊಡಲು ಹೊರಟರೆ, ಅವನು ಅಷ್ಟರಲ್ಲಿ ಕೆಲಸ ಬಿಟ್ಟು ಗೋವಾ ಕಡೆ ಹೋಗಿಯಾಗಿತ್ತು. ಹಣವನ್ನು ಅವನ ತಾಯಿಯ ಕೈಗೆ ಕೊಟ್ಟು ಬಂದೆ. ಅವರು ಒಂದು ಮಾತೂ ಆಡದೆ ಎಣಿಸಿ ತೆಗೆದುಕೊಂಡರು. ಅಲ್ಲಿ ತಪ್ಪು ಗಿರಾಕಿಯದಷ್ಟೇ ನನ್ನದೂ ಹೌದು.

ಆದ್ದರಿಂದ ನೀವು ಅಂಗಡಿಗೆ ಅವಶ್ಯವಾಗಿ ಹೋಗಿ, ಆದರೆ ನಡೆದದ್ದನ್ನು ನಡೆದ ಹಾಗೆಯೇ ಹೇಳಿ. ಇಂಥ ದೋಟಿಗಳಲ್ಲಿ ತುಂಡುಗಳು ಒಂದರೊಳಗೊಂದು ಕೂರುವುದರಿಂದ, ಕೆಟ್ಟ ತುಂಡನ್ನಷ್ಟೇ ತರಿಸಿ ಹಾಕಲು ಬರುತ್ತದೆಯೇ ಎಂದು ಕೇಳಿ. ನಿಜ ಹೇಳಿದ ಗಿರಾಕಿಗೆ ತುಂಡನ್ನು ಖರೀದಿ ದರಕ್ಕೆ ತರಿಸಿಕೊಡಲು ನನ್ನಂಥ ವ್ಯಾಪಾರಿಗೆ ಎರಡು ಸಲ ಯೋಚಿಸಬೇಕಾಗುವುದಿಲ್ಲ.

ಉತ್ತರ 2: ಹೊನ್ನಾವರದಿಂದ

ವ್ಯಾಪಾರಿಗಳ ಕಷ್ಟವನ್ನು ಒಪ್ಪುತ್ತೇನೆ, ಆದರೆ ಇನ್ನೊಂದು ಬದಿಯನ್ನೂ ಯಾರಾದರೂ ಹೇಳಬೇಕು. ನಮ್ಮ ಮನೆಗೆ ಬಂದ ಹೊಸ ಫ್ರಿಜ್ಜಿನ ಹಿಂಬದಿ ಸಾಗಣೆಯಲ್ಲಿಯೇ ನಜ್ಜುಗುಜ್ಜಾಗಿತ್ತು. ಡಬ್ಬ ಬಿಚ್ಚುವ ಮುಂಚೆ ಫೋಟೋ ತೆಗೆದಿರಲಿಲ್ಲ ಎಂಬ ಒಂದೇ ಕಾರಣಕ್ಕೆ, ನೀವೇ ತಾಗಿಸಿಕೊಂಡಿದ್ದೀರಿ ಎಂದು ನಮ್ಮ ತಲೆಗೆ ಕಟ್ಟಿದರು. ನಾವು ನಿಜ ಹೇಳಿದಾಗ ನಂಬದವರ ಎದುರು, ಒಂದೂವರೆ ಎಕರೆಯ ರೈತನೊಬ್ಬ 68,000 ರೂಪಾಯಿ ಕಳೆದುಕೊಂಡು ಸತ್ಯವಂತನಾಗಬೇಕು ಎನ್ನುವುದು ನನಗೆ ನ್ಯಾಯವೆಂದು ತೋರುವುದಿಲ್ಲ. ಅಷ್ಟು ಬೆಲೆಯ ವಸ್ತು ಸೊಂಟದೆತ್ತರದಿಂದ ಬಿದ್ದದ್ದಕ್ಕೇ ಬಿರುಕು ಬಿಟ್ಟರೆ, ಅದೂ ಒಂದು ದೋಷವಲ್ಲವೇ?

ಉತ್ತರ 3: ವಕೀಲ, ಕಾರವಾರ

ಹೊನ್ನಾವರದವರ ಕೊನೆಯ ಪ್ರಶ್ನೆ ಚೆನ್ನಾಗಿದೆ, ಅದನ್ನು ಹಾಗೆಯೇ ಅಂಗಡಿಯವರಿಗೂ ಕೇಳಬಹುದು. ಇಷ್ಟು ಸಣ್ಣ ಏಟಿಗೆ ಬಿರುಕು ಬಿಡಬಾರದಿತ್ತು ಎಂದು ನಿಮಗೆ ನಿಜವಾಗಿ ಅನ್ನಿಸಿದರೆ, ಬಿದ್ದದ್ದನ್ನು ಒಪ್ಪಿಕೊಂಡೇ ಆ ಮಾತನ್ನು ಬರವಣಿಗೆಯಲ್ಲಿ ಕೇಳುವ ಹಕ್ಕು ನಿಮಗಿದೆ. ದೋಷವುಳ್ಳ ಸರಕನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿಯನ್ನು ಹೇಳಿರದಿದ್ದರೆ 30 ದಿನಗಳೊಳಗೆ, ಹಿಂದಕ್ಕೆ ಪಡೆದು ಹಣ ಮರಳಿಸಲು ನಿರಾಕರಿಸುವುದನ್ನು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯು ಅನುಚಿತ ವ್ಯಾಪಾರ ಪದ್ಧತಿ ಎಂದೇ ಕರೆಯುತ್ತದೆ. ಸ್ವಂತ ದುಡಿಮೆಯ ಜೀವನೋಪಾಯಕ್ಕಾಗಿ ಕೊಂಡ ಉಪಕರಣವಾದುದರಿಂದ ಸಣ್ಣ ರೈತನೂ ಅದರಡಿ ಗ್ರಾಹಕನೇ. ಕಾರವಾರದ ಜಿಲ್ಲಾ ಗ್ರಾಹಕ ಆಯೋಗದಲ್ಲಿ 5 ಲಕ್ಷದವರೆಗಿನ ವ್ಯವಹಾರದ ದೂರಿಗೆ ಶುಲ್ಕವಿಲ್ಲ, ಎರಡು ವರ್ಷಗಳೊಳಗೆ ಸಲ್ಲಿಸಬಹುದು. ದೋಷವಿದೆಯೋ ಇಲ್ಲವೋ ಎಂಬುದು ಕಣ್ಣಿಗೆ ಕಂಡು ತೀರ್ಮಾನವಾಗದಿದ್ದರೆ ವಸ್ತುವನ್ನು ಪ್ರಯೋಗಾಲಯಕ್ಕೆ ಕಳಿಸುವ ಅಧಿಕಾರವೂ ಆಯೋಗಕ್ಕಿದೆ. ಹೊನ್ನಾವರದವರು ತಮ್ಮ ಫ್ರಿಜ್ಜಿನ ವಿಷಯದಲ್ಲಿ ಈ ದಾರಿಯನ್ನು ಹಿಡಿಯಬೇಕಿತ್ತು, ಎರಡು ವರ್ಷ ಕಳೆದಿರದಿದ್ದರೆ ಈಗಲೂ ಹಿಡಿಯಬಹುದು.

ಆದರೆ ಅದೇ ಕಾನೂನು ಭಾವನವರ ಸಲಹೆಗೆ ಆಸರೆಯಾಗುವುದಿಲ್ಲ. 1930ರ ಸರಕು ಮಾರಾಟ ಕಾಯ್ದೆಯ ಪ್ರಕಾರ, ಬೇರೆ ಒಪ್ಪಂದವಿಲ್ಲದಿದ್ದರೆ, ಒಡೆತನ ಕೊಂಡವರಿಗೆ ದಾಟಿದ ಮೇಲೆ ನಷ್ಟದ ಹೊಣೆಯೂ ಅವರಿಗೇ ದಾಟುತ್ತದೆ. ಅಂಗಳದ ಮೆಟ್ಟಿಲಿಗೆ ಬಡಿದ ಹೊತ್ತಿಗೆ ಆ ದೋಟಿ ನಿಮ್ಮದಾಗಿತ್ತು. ಗೊತ್ತಿರುವ ಸಂಗತಿಯನ್ನು ಮುಚ್ಚಿಟ್ಟು ಇನ್ನೊಬ್ಬರಿಂದ ಹೊಸ ವಸ್ತುವನ್ನು ಪಡೆಯುವುದನ್ನು ಕಾನೂನು ವಂಚನೆಯೆಂದೇ ನೋಡುತ್ತದೆ. ಈ ಕಾರಣಕ್ಕೆ ಯಾರೂ ನಿಮ್ಮ ಮನೆ ಬಾಗಿಲಿಗೆ ಪೊಲೀಸರನ್ನು ಕಳಿಸಲಿಕ್ಕಿಲ್ಲ, ಹೆದರಿಸಲು ಹೇಳುತ್ತಿಲ್ಲ. ನನ್ನ ಆತಂಕ ಬೇರೆ. ಇಂಥ ಸುಳ್ಳುಗಳು ಹೆಚ್ಚಿದಷ್ಟೂ, ನಿಜವಾಗಿಯೂ ಒಡೆದ ಸಾಮಾನು ಬಂದವರನ್ನು ಅಂಗಡಿಯವರು ಅನುಮಾನದಿಂದ ನೋಡುತ್ತಾರೆ. ಫ್ರಿಜ್ಜಿನ ವಿಷಯದಲ್ಲಿ ಹೊನ್ನಾವರದವರನ್ನು ಯಾರೂ ನಂಬದಿರುವುದಕ್ಕೆ, ಅವರಿಗಿಂತ ಮೊದಲು ಸುಳ್ಳು ಹೇಳಿ ಹೋದವರೂ ಒಂದಿಷ್ಟು ಕಾರಣ.

ಉತ್ತರ 4: ದೋಟಿ ಹಿಡಿಯುವವ, ಸಿದ್ದಾಪುರ

ನಾನು ನಾಲ್ಕು ಮಳೆಗಾಲಗಳಿಂದ ಬೇರೆಯವರ ತೋಟಗಳಲ್ಲಿ ದೋಟಿ ಹಿಡಿದು ಮದ್ದು ಹೊಡೆಯುವ, ಕೊನೆ (ಅಡಿಕೆಯ ಗೊನೆ) ಕೊಯ್ಯುವ ಕೆಲಸ ಮಾಡುತ್ತಿದ್ದೇನೆ. ಮೇಲೆ ಹಣದ ಮಾತು, ಕಾನೂನಿನ ಮಾತು ಬಂದಿದೆ. ದೋಟಿಯ ಕೆಳಗೆ ನಿಲ್ಲುವ ಮನುಷ್ಯನ ಮಾತನ್ನು ನಾನು ಹೇಳುತ್ತೇನೆ.

ಕಾರ್ಬನ್ ಫೈಬರಿಗೆ ಉದ್ದಕ್ಕೆ ಬಹಳ ಬಲ, ಅಡ್ಡ ಏಟಿಗೆ ಅಷ್ಟು ಬಲವಿಲ್ಲ. ಅಲ್ಯೂಮಿನಿಯಂ ಕೊಳವೆಯಾದರೆ ನೆಗ್ಗುತ್ತದೆ, ಬಾಗುತ್ತದೆ, ಕಣ್ಣಿಗೆ ಕಾಣಿಸಿ ಎಚ್ಚರಿಸುತ್ತದೆ. ಇದು ಹಾಗಲ್ಲ. ಮೇಲೆ ಸಣ್ಣದೊಂದು ಗೆರೆ ಇರುತ್ತದೆ, ಒಳಗೆ ಪದರಗಳು ಒಂದನ್ನೊಂದು ಬಿಟ್ಟಿರುತ್ತವೆ. ಅಂಥ ತುಂಡು ನೆಲದ ಮೇಲೆ ಮಲಗಿಸಿದಾಗ ಏನೂ ಹೇಳುವುದಿಲ್ಲ. ದೋಟಿಯನ್ನು ಪೂರ್ತಿ ಎಬ್ಬಿಸಿ, ಮದ್ದು ತುಂಬಿದ ಪೈಪಿನ ಭಾರ ಜಗ್ಗುತ್ತಿರುವಾಗ, ತುದಿಯನ್ನು ಒಂದು ಮರದ ಕೊನೆಯಿಂದ ಪಕ್ಕದ ಮರದ ಕೊನೆಗೆ ತಿರುಗಿಸುವ ಹೊತ್ತಿಗೆ ಬುಡದ ತುಂಡುಗಳ ಮೇಲೆ ಎಷ್ಟು ಬಲ ಬೀಳುತ್ತದೆ ಎಂಬುದು ಹಿಡಿದವರ ಭುಜಕ್ಕೇ ಗೊತ್ತು. ನೀವು ಹೇಳಿದ ಮೂರನೆಯ ತುಂಡು ಅಲ್ಲಿಯೇ ಬರುತ್ತದೆ. ಮುರಿದರೆ, ಮೇಲಿನ ಅಷ್ಟೂ ಉದ್ದ ತಲೆಯ ಮೇಲೆ ಬರುತ್ತದೆ. ಮುರಿದ ಬಾಯಿಯ ಎಳೆಗಳು ಸೂಜಿಯಂತೆ ಚರ್ಮಕ್ಕೆ ಇಳಿಯುತ್ತವೆ. ಕಾರ್ಬನ್ ವಿದ್ಯುತ್ತನ್ನು ಹರಿಯಬಿಡುವ ವಸ್ತು. ತೋಟದ ಅಂಚಿನಲ್ಲಿ ಕರೆಂಟಿನ ತಂತಿ ಹಾದುಹೋಗಿದ್ದರೆ, ಮುರಿದ ದೋಟಿ ಯಾವ ಕಡೆಗೆ ವಾಲುತ್ತದೆ ಎಂಬುದು ಯಾರ ಕೈಯಲ್ಲೂ ಇರುವುದಿಲ್ಲ.

ನೀವು ಸುಳ್ಳು ಹೇಳಿ ಹಿಂದಿರುಗಿಸಿದ ದೋಟಿಯನ್ನು ಅಂಗಡಿಯವರು ಒರೆಸಿ, ಗೆರೆಯನ್ನು ಗಮನಿಸದೆಯೋ ಗಮನಿಸಿಯೋ, ಸ್ವಲ್ಪ ಕಡಿಮೆ ಬೆಲೆಗೆ ಇನ್ನೊಬ್ಬರಿಗೆ ಕೊಟ್ಟರೆ, ಅದನ್ನು ಹಿಡಿಯುವವನು ಕೊಂಡ ಯಜಮಾನನಲ್ಲ. ನನ್ನಂಥವನು. ಅದು ಎಲ್ಲಿ ಬಿದ್ದಿತ್ತು ಎಂದು ನನಗೆ ಹೇಳುವವರು ಯಾರೂ ಇರುವುದಿಲ್ಲ. ಬೆಲೆಬಾಳುವ ಸೀರೆಯಲ್ಲಿ ಎಳೆ ಹೋದರೆ ಅದು ಬರೀ ಹಣದ ಪ್ರಶ್ನೆ, ಇದು ಹಾಗಲ್ಲ. ಅಂಗಡಿಯವರು ದುಡ್ಡು ಕೊಡಲಿ, ಬಿಡಲಿ, ಆ ತುಂಡು ಮಾತ್ರ ಮತ್ತೆ ಯಾರ ಕೈಗೂ ಹೋಗಬಾರದು. ದಯವಿಟ್ಟು ನೀವೂ ಅದನ್ನು ಟೇಪು ಸುತ್ತಿ, ಎಂಸೀಲ್ ಅಂಟು ಮೆತ್ತಿ ಬಳಸಬೇಡಿ.

ಪ್ರಶ್ನೆ ಕೇಳಿದವರಿಂದ, ಮೂರು ದಿನಗಳ ನಂತರ

ಉತ್ತರಿಸಿದ ಎಲ್ಲರಿಗೂ ಕೃತಜ್ಞನಾಗಿದ್ದೇನೆ. ಸಿದ್ದಾಪುರದವರ ಮಾತನ್ನು ಓದಿದ ರಾತ್ರಿ ನನಗೆ ನಿದ್ರೆ ಬರಲಿಲ್ಲ. ಗೆರೆ ಸಣ್ಣದಿದೆ, ಈ ಒಂದು ಮಳೆಗಾಲಕ್ಕೆ ಸಾಕಾಗಬಹುದು ಎಂಬ ಯೋಚನೆ ನನ್ನೊಳಗೆ ಸುಳಿದುಹೋಗಿತ್ತು, ಅದನ್ನು ಇಲ್ಲಿ ಬರೆದಿರಲಿಲ್ಲ. ನಮ್ಮ ತೋಟದಲ್ಲಿ ದೋಟಿ ಹಿಡಿಯಬೇಕಾಗಿದ್ದದ್ದು ನಾನಲ್ಲ, ಹತ್ತು ವರ್ಷಗಳಿಂದ ನಮ್ಮಲ್ಲಿಗೆ ಕೆಲಸಕ್ಕೆ ಬರುವವರು.

ನಿನ್ನೆ ಬೆಳಿಗ್ಗೆ ಭಾವನನ್ನೂ ಕರೆದುಕೊಂಡು ಅಂಗಡಿಗೆ ಹೋದೆ. ಯಜಮಾನರಿಗೆ, ಆ ಹುಡುಗನ ಎದುರೇ, ಕೈ ಜಾರಿದ್ದನ್ನು ಮತ್ತು ಮೆಟ್ಟಿಲಿಗೆ ಬಡಿದದ್ದನ್ನು ಹೇಳಿದೆ. ಇಷ್ಟು ಏಟಿಗೆ ಬಿರುಕು ಬಿಡಬೇಕಿತ್ತೇ ಎಂದೂ ಕೇಳಿದೆ. ಅವರು ಪಕ್ಕದ ಗೋಡೆಗೆ ಒರಗಿಸಿದ್ದ ಇನ್ನೊಂದು ದೋಟಿಯ ಚೀಲವನ್ನು ತೋರಿಸಿದರು. ಅಡ್ಡಲಾಗಿ ಬೀಳಿಸಬಾರದು, ಮೇಲೆ ಭಾರ ಹೇರಬಾರದು ಎಂದು ಅದರ ಮೇಲೆ ಅಚ್ಚಾಗಿತ್ತು. ನಮ್ಮದಕ್ಕೂ ಅಂಥದ್ದೇ ಚೀಲವಿತ್ತು, ನಾನು ಓದಿರಲಿಲ್ಲ. ಹಾಗಾಗಿ ಆ ವಾದವನ್ನು ಅಲ್ಲಿಗೇ ಬಿಟ್ಟೆ. ಬದಲಿ ದೋಟಿ ಸಿಗಲಿಲ್ಲ. ಮೂರನೆಯ ತುಂಡನ್ನು ಮಾತ್ರ ತರಿಸಿಕೊಡುತ್ತೇವೆ, ಅದಕ್ಕೆ ಮತ್ತು ಸಾಗಣೆಗೆ ಸೇರಿ 9,200 ರೂಪಾಯಿ ಆಗುತ್ತದೆ, ಹತ್ತು ದಿನ ಹಿಡಿಯುತ್ತದೆ ಎಂದರು. ನಾನು ಮುಂಗಡ ಕೊಟ್ಟು ಬಂದೆ. 9,200 ರೂಪಾಯಿ ನನಗೆ ಸಣ್ಣ ಮೊತ್ತವಲ್ಲ, ಭಾವ ಅಂಗಡಿಯಲ್ಲಿ ನಿಂತಷ್ಟು ಹೊತ್ತೂ ಅದನ್ನೇ ಹೇಳುತ್ತಿದ್ದ. ಅಷ್ಟರಲ್ಲಿ ಮಳೆ ಜೋರಾದರೆ ಎಂಬ ಭಯವೂ ಇದೆ, ಪಕ್ಕದೂರಿನ ನೆಂಟರ ದೋಟಿಯನ್ನು ಎರಡು ದಿನಕ್ಕೆ ಕೇಳಿದ್ದೇನೆ.

ಕೆಟ್ಟ ತುಂಡನ್ನು ಇಲ್ಲಿಯೇ ಕತ್ತರಿಸಿಬಿಡಿ ಎಂದು ಕೇಳಿಕೊಂಡಾಗ, ಯಜಮಾನರು ಆ ಹುಡುಗನಿಗೇ ಗರಗಸ ಕೊಟ್ಟರು. ಅವನು ಮೂಗಿಗೆ ಬಟ್ಟೆ ಕಟ್ಟಿಕೊಂಡು, ಗೆರೆಯಿಂದ ಒಂದು ಗೇಣು ಆಚೆಗೆ, ನೋಡಲು ಏನೂ ಆಗಿರದ ಜಾಗದಲ್ಲಿ ಕೊಯ್ದ. ಕೊಯ್ದ ಬಾಯಿಯನ್ನು ಬೆಳಕಿಗೆ ಹಿಡಿದಾಗ, ಕೊಳವೆಯ ದಪ್ಪದ ನಡುವೆ ಪದರಗಳು ಹಳೆಯ ಪುಸ್ತಕದ ಹಾಳೆಗಳಂತೆ ಬಿಟ್ಟುಕೊಂಡಿದ್ದವು. ಭಾವ ಅದನ್ನು ಕೈಗೆ ತೆಗೆದುಕೊಂಡು ಬಹಳ ಹೊತ್ತು ತಿರುಗಿಸಿ ನೋಡಿದ. ಆಮೇಲೆ ಮನೆಯವರೆಗೂ ಹಣದ ಮಾತನ್ನು ಎತ್ತಲಿಲ್ಲ.