ಪಾಲುದಾರ ಬಿಡ್ತೀನಿ ಅಂತಿದ್ದಾನೆ, ವ್ಯಾಪಾರಿ ದುಡ್ಡು ಕೊಡ್ತಿಲ್ಲ. ಮೊದಲು ಯಾವುದನ್ನು ಹಿಡಿಯಲಿ?

ಹಾಳೆತಟ್ಟೆ_ತೀರ್ಥಹಳ್ಳಿ:
ತೀರ್ಥಹಳ್ಳಿ ಹತ್ತಿರ ನಾನೂ ನನ್ನ ಸ್ನೇಹಿತನೂ ಸೇರಿ ಅಡಿಕೆ ಹಾಳೆ ತಟ್ಟೆ ಮಾಡುವ ಘಟಕ ನಡೆಸುತ್ತಿದ್ದೇವೆ. ಛಾಪಾ ಕಾಗದದಲ್ಲಿ ಪಾಲುದಾರಿಕೆ ಪತ್ರ ಬರೆಸಿ ನೋಟರಿ ಮಾಡಿಸಿದ್ದೇವೆ, ಪಾಲು ಅರ್ಧ ಅರ್ಧ. ಫರ್ಮ್ ಹೆಸರಲ್ಲಿ ಪ್ಯಾನ್, ಜಿಎಸ್‌ಟಿ, ಉದ್ಯಮ್ (ಸಣ್ಣ ಉದ್ದಿಮೆಗಳ ಸರ್ಕಾರಿ ನೋಂದಣಿ) ಎಲ್ಲ ಶುರುವಿನಿಂದಲೇ ಇದೆ. ಪ್ರೆಸ್ ಯಂತ್ರಕ್ಕೆ ಬ್ಯಾಂಕ್ ಸಾಲ ತೆಗೆದಿದ್ದೇವೆ, ಇಬ್ಬರದೂ ಸಹಿ ಇದೆ.

ಈಗ ಅವನಿಗೆ ಬೆಂಗಳೂರಲ್ಲಿ ಕೆಲಸ ಸಿಕ್ಕಿದೆ. ನನ್ನ ಪಾಲಿನ ಲೆಕ್ಕ ಮಾಡಿ ಕೊಡು, ಬಿಡ್ತೀನಿ ಅಂತಿದ್ದಾನೆ. ಜಗಳ ಅಂತೇನಿಲ್ಲ, ಮಾತು ಮಾತ್ರ ಸ್ವಲ್ಪ ಬಿರುಸಾಗಿದೆ. ಇನ್ನೊಂದು ಕಡೆ ಒಬ್ಬ ಸಗಟು ವ್ಯಾಪಾರಿ 4 ಲಕ್ಷ 20 ಸಾವಿರ ಬಾಕಿ ಇಟ್ಟುಕೊಂಡಿದ್ದಾನೆ. ಮಾಲು ಹೋಗಿದ್ದು ಮಾರ್ಚ್‌ನಲ್ಲಿ, ಚೆನ್ನಾಗಿ ಒಣಗಿಸಿ ಪ್ಯಾಕ್ ಮಾಡಿಯೇ ಕಳಿಸಿದ್ದು. ಮಳೆಗಾಲ ಕಳೆದ ಮೇಲೆ ದುಡ್ಡು ಕೇಳಿದರೆ ‘ತಟ್ಟೆಗೆ ಬೂಸ್ಟು ಹಿಡಿದಿತ್ತು’ ಅಂತ ಹೊಸ ರಾಗ ತೆಗೆದಿದ್ದಾನೆ. ಕೇಸ್ ಹಾಕೋಣ ಅಂತಿದ್ದೇನೆ. ಹಾಗೇ ಮುಂದೆ ಒಬ್ಬನೇ ನಡೆಸಲಾ, ಎಲ್‌ಎಲ್‌ಪಿ (ಸೀಮಿತ ಹೊಣೆಯ ಪಾಲುದಾರಿಕೆ) ಮಾಡಲಾ? ತಿಳಿದವರು ಹೇಳಿ.

ಕೋರ್ಟ್_ರಸ್ತೆ:
ಕೇಸಿನ ಮಾತು ಆಮೇಲೆ. ಫರ್ಮ್ ರಿಜಿಸ್ಟರ್ ಆಗಿದೆಯಾ? ನೋಟರಿ ಅಲ್ಲ, ಜಿಎಸ್‌ಟಿಯೂ ಅಲ್ಲ, ರಿಜಿಸ್ಟ್ರಾರ್ ಆಫ್ ಫರ್ಮ್ಸ್ ಹತ್ತಿರ ಆಗುವ ನೋಂದಣಿ. 1932ರ ಪಾಲುದಾರಿಕೆ ಕಾಯ್ದೆಯಲ್ಲಿ ಅದು ಕಡ್ಡಾಯ ಅಲ್ಲ, ಅದಕ್ಕೇ ಎಷ್ಟೋ ಜನ ಮಾಡಿಸುವುದಿಲ್ಲ. ಆದರೆ 69ನೇ ಸೆಕ್ಷನ್ ಓದಿ. ನೋಂದಣಿ ಇಲ್ಲದ ಫರ್ಮ್ ತನ್ನ ವ್ಯವಹಾರದ ಬಾಕಿಗೆ ಹೊರಗಿನವರ ಮೇಲೆ ಸಿವಿಲ್ ದಾವೆ ಹಾಕುವಂತಿಲ್ಲ. ಪಾಲುದಾರರು ಒಬ್ಬರ ಮೇಲೊಬ್ಬರು ಪತ್ರದಲ್ಲಿರುವ ಹಕ್ಕಿಗಾಗಿ ಹೋಗುವಂತೆಯೂ ಇಲ್ಲ. ಫರ್ಮ್ ವಿಸರ್ಜನೆ ಮಾಡಿ ಲೆಕ್ಕ ಕೊಡಿಸಿ ಅಂತ ಕೇಳಲು ಮಾತ್ರ ಅಡ್ಡಿಯಿಲ್ಲ.

ದಾವೆ ಹಾಕಿದ ಮೇಲೆ ನೋಂದಣಿ ಮಾಡಿಸಿ ಆ ದಾವೆಯನ್ನು ಉಳಿಸಿಕೊಳ್ಳಲು ಆಗುವುದಿಲ್ಲ. ಹಾಕುವ ದಿನವೇ ಇರಬೇಕು.

ಹಾಳೆತಟ್ಟೆ_ತೀರ್ಥಹಳ್ಳಿ:
ಇಲ್ಲ ಸರ್, ಆಗಿಲ್ಲ. ನೋಟರಿ ಆದರೆ ಸಾಕು ಅಂತ ಹೇಳಿದ್ದರು. ಈಗ ಮಾಡಿಸಬಹುದಾ?

ಕೋರ್ಟ್_ರಸ್ತೆ:
ಖಂಡಿತ, ಯಾವಾಗ ಬೇಕಾದರೂ ಮಾಡಿಸಬಹುದು. ಶಿವಮೊಗ್ಗದ ಜಿಲ್ಲಾ ನೋಂದಣಾಧಿಕಾರಿ ಕಚೇರಿಯಲ್ಲಿ ವಿಚಾರಿಸಿ. ಆದರೆ ಒಂದು ವಿಷಯ ಚೆನ್ನಾಗಿ ನೆನಪಿಡಿ: ಆ ಅರ್ಜಿಗೆ ಎಲ್ಲ ಪಾಲುದಾರರ ಸಹಿ ಬೇಕು. ನಿಮ್ಮ ಸ್ನೇಹಿತ ಇನ್ನೂ ಮಾತಾಡುತ್ತಿದ್ದಾನಲ್ಲ, ಈಗಲೇ ಕೂರಿಸಿಕೊಂಡು ಸಹಿ ಹಾಕಿಸಿ. ವಕೀಲರಿಂದ ನೋಟಿಸ್ ಕೊಡಿಸಿ ಮನಸ್ಸು ಮುರಿದುಕೊಂಡರೆ ಆ ಸಹಿ ಸಿಗುವುದು ಕಷ್ಟ. ಬಾಕಿ ಬಂದರೆ ಅರ್ಧ ಅವನಿಗೂ ಸೇರುತ್ತದೆ, ಅದನ್ನೇ ಬಿಡಿಸಿ ಹೇಳಿ.

ಬಾಕಿ ವಸೂಲಿಗೆ ಕಾಲಮಿತಿ 3 ವರ್ಷ. ವ್ಯಾಪಾರಿ ಅಷ್ಟರೊಳಗೆ ‘ಇಷ್ಟು ಕೊಡಬೇಕು’ ಅಂತ ಸಹಿ ಹಾಕಿ ಬರೆದುಕೊಟ್ಟರೆ ಅಲ್ಲಿಂದ ಹೊಸದಾಗಿ 3 ವರ್ಷ. ಮೊತ್ತ 3 ಲಕ್ಷಕ್ಕಿಂತ ಜಾಸ್ತಿ ಇರುವುದರಿಂದ ಇದು ವಾಣಿಜ್ಯ ನ್ಯಾಯಾಲಯಕ್ಕೆ ಹೋಗುತ್ತದೆ. ತುರ್ತು ತಡೆಯಾಜ್ಞೆ ಥರದ್ದೇನೂ ಬೇಡದಿದ್ದರೆ ದಾವೆಗೆ ಮೊದಲು ಕಾನೂನು ಸೇವಾ ಪ್ರಾಧಿಕಾರದ ಮೂಲಕ ಸಂಧಾನಕ್ಕೆ ಹೋಗಲೇಬೇಕು. ಇದು ಕಡ್ಡಾಯ ಅಂತ ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿದೆ.

ರಿಪ್ಪನ್‌ಪೇಟೆಯವ:
ಕೋರ್ಟಿಗಿಂತ ಮೊದಲು ಇನ್ನೊಂದು ದಾರಿ ಇದೆ ಮಾರಾಯ್ರೆ. ನೀವು ತಯಾರಕರು, ಮಾಲು ಕೊಡುವ ಮೊದಲೇ ಉದ್ಯಮ್ ಇದೆ. 2006ರ ಎಂಎಸ್‌ಎಂಇ ಕಾಯ್ದೆ, ಅಂದರೆ ಸಣ್ಣ ಉದ್ದಿಮೆಗಳ ಕಾಯ್ದೆಯ ರಕ್ಷಣೆ ನಿಮಗೆ ಸಿಗುತ್ತದೆ. ಬರೀ ಕೊಂಡು ಮಾರುವ ಮಂಡಿಯವರಿಗೆ ಈ ಅನುಕೂಲ ಇಲ್ಲ. ಖರೀದಿದಾರ ಎಷ್ಟೇ ವಾಯಿದೆ ಬರೆಸಿಕೊಂಡಿದ್ದರೂ 45 ದಿನ ಮೀರುವಂತಿಲ್ಲ, ವಾಯಿದೆಯೇ ಮಾತಾಡಿಲ್ಲ ಅಂದರೆ 15 ದಿನ. ತಪ್ಪಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ರೇಟಿನ ಮೂರು ಪಟ್ಟು ಚಕ್ರಬಡ್ಡಿ, ಅದೂ ತಿಂಗಳು ತಿಂಗಳು ಅಸಲಿಗೆ ಸೇರುತ್ತಾ ಹೋಗುತ್ತದೆ.

ಬೂಸ್ಟಿನ ಮಾತಿಗೆ ಬರೋಣ. ಮಾಲಿನಲ್ಲಿ ದೋಷ ಇದ್ದರೆ ಕೈಗೆ ಬಂದ 15 ದಿನದೊಳಗೆ ಬರಹದಲ್ಲಿ ಆಕ್ಷೇಪ ಎತ್ತಬೇಕು. ಎತ್ತದಿದ್ದರೆ ಬಂದ ದಿನವೇ ಒಪ್ಪಿಕೊಂಡ ಲೆಕ್ಕ. ಮಾರ್ಚ್‌ನಲ್ಲಿ ತಗೊಂಡು ಮಳೆಗಾಲ ಪೂರ್ತಿ ಗೋದಾಮಿನಲ್ಲಿಟ್ಟು ಆಮೇಲೆ ಹೇಳಿದರೆ ಆ ಮಾತಿಗೆ ಬಲ ಇರುವುದಿಲ್ಲ. ಲಾರಿ ರಸೀದಿ, ಇನ್‌ವಾಯ್ಸ್, ಇ-ವೇ ಬಿಲ್, ಮಾಲು ಮುಟ್ಟಿದೆ ಅಂತ ಅವನು ಹಾಕಿದ ವಾಟ್ಸಾಪ್ ಮೆಸೇಜ್, ಯಾವುದನ್ನೂ ಅಳಿಸಬೇಡಿ. ಫೋನ್ ಬದಲಾಯಿಸುವಾಗ ಕಳೆದುಕೊಳ್ಳುವವರು ಜಾಸ್ತಿ.

ಇಂಥ ಬಾಕಿಯ ದೂರು ಕೇಳಲು ಆ ಕಾಯ್ದೆಯಲ್ಲೇ ಒಂದು ಮಂಡಳಿ ಇದೆ, ಅದಕ್ಕೆ ಅರ್ಜಿ ಆನ್‌ಲೈನ್‌ನಲ್ಲೇ ಹಾಕಬಹುದು. ಗೊತ್ತಾಗದಿದ್ದರೆ ಶಿವಮೊಗ್ಗದ ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲಿ ಕೇಳಿ.

ಕೋರ್ಟ್_ರಸ್ತೆ:
ಇವರು ಹೇಳಿದ್ದು ಸರಿ. ಆ ಮಂಡಳಿ ಮೊದಲು ರಾಜಿಗೆ ಕರೆಯುತ್ತದೆ, ಆಗದಿದ್ದರೆ ಆರ್ಬಿಟ್ರೇಶನ್, ಅಂದರೆ ಕೋರ್ಟಿನ ಹೊರಗೆ ಮಧ್ಯಸ್ಥರು ಕೊಡುವ ತೀರ್ಪು. 69ನೇ ಸೆಕ್ಷನ್ನಿನ ತಡೆ ಆರ್ಬಿಟ್ರೇಶನ್‌ಗೆ ಅನ್ವಯಿಸುವುದಿಲ್ಲ ಅಂತ ಸುಪ್ರೀಂ ಕೋರ್ಟ್ 2016ರಲ್ಲಿ ಹೇಳಿದೆ. ಹಾಗಂತ ನೋಂದಣಿ ಬಿಡಬೇಡಿ.

ಸಾಗರದ_ಲೆಕ್ಕಿಗ:
ರಚನೆ ಬಗ್ಗೆ ನಾನು ಹೇಳ್ತೀನಿ. ಇಬ್ಬರಿರುವ ಫರ್ಮಿನಲ್ಲಿ ಒಬ್ಬ ಹೋದರೆ ಫರ್ಮೇ ಮುಗಿಯಿತು, ಒಬ್ಬನೇ ಪಾಲುದಾರ ಅಂತ ಇರಲಾಗದು. ಆಮೇಲೆ ನಿಮ್ಮೊಬ್ಬರ ಹೆಸರಲ್ಲಿ ನಡೆಸಬಹುದು, ಖರ್ಚು ಕಡಿಮೆ, ತೆರಿಗೆ ನಿಮ್ಮ ಸ್ಲ್ಯಾಬ್ ಪ್ರಕಾರ. ಆದರೆ ನಷ್ಟ ಆದರೆ ಮನೆ, ತೋಟದವರೆಗೂ ಬರುತ್ತದೆ. ಪಾಲುದಾರಿಕೆಯಲ್ಲೂ ಅಷ್ಟೇ, ಫರ್ಮಿನ ಪೂರ್ತಿ ಸಾಲವನ್ನು ಒಬ್ಬರಿಂದಲೇ ವಸೂಲಿ ಮಾಡಬಹುದು.

ಎಲ್‌ಎಲ್‌ಪಿಗೆ ಕನಿಷ್ಠ ಇಬ್ಬರು ಬೇಕು, ಮನೆಯವರನ್ನೇ ಸೇರಿಸಿಕೊಳ್ಳಬಹುದು. ಲಾಭದ ಮೇಲೆ ತೆರಿಗೆ 30 ಪರ್ಸೆಂಟ್, ಫರ್ಮಿಗಿದ್ದಷ್ಟೇ. ವಹಿವಾಟು 40 ಲಕ್ಷ ಅಥವಾ ಬಂಡವಾಳ 25 ಲಕ್ಷ ದಾಟದಿದ್ದರೆ ಎಲ್‌ಎಲ್‌ಪಿ ಕಾಯ್ದೆಯಲ್ಲಿ ಆಡಿಟ್ ಬೇಡ. ಪ್ರೈವೇಟ್ ಲಿಮಿಟೆಡ್‌ಗೆ ವಹಿವಾಟು ಎಷ್ಟೇ ಇರಲಿ ಆಡಿಟ್ ಬೇಕೇ ಬೇಕು. ಒಂದು ತಟ್ಟೆಯೂ ಮಾರದ ವರ್ಷವೂ ಎಲ್‌ಎಲ್‌ಪಿಯ ವಾರ್ಷಿಕ ಫಾರಂ ಎರಡನ್ನೂ ತುಂಬಬೇಕು, ಇಲ್ಲದಿದ್ದರೆ ದಂಡ. ಇನ್ನು ಹೊಣೆ ಸೀಮಿತ ಅಂತ ಎಲ್ಲರೂ ಹೇಳುತ್ತಾರೆ ನಿಜ, ಆದರೆ ಬ್ಯಾಂಕಿನವರು ಸಾಲ ಕೊಡುವಾಗ ವೈಯಕ್ತಿಕ ಗ್ಯಾರಂಟಿ ಬರೆಸಿಕೊಂಡೇ ಕೊಡುತ್ತಾರೆ. ಆ ಸಾಲದ ಮಟ್ಟಿಗೆ ಎಲ್‌ಎಲ್‌ಪಿ ನಿಮ್ಮನ್ನು ಕಾಯುವುದಿಲ್ಲ. ನಿಮ್ಮ ಸದ್ಯದ ಗಾತ್ರಕ್ಕೆ ಒಂದೆರಡು ಸೀಸನ್ ಒಬ್ಬರೇ ನಡೆಸಿ ನೋಡಿ ಅಂತ ನನ್ನ ಅಭಿಪ್ರಾಯ.

ಹಾಳೆತಟ್ಟೆ_ತೀರ್ಥಹಳ್ಳಿ:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಭಾನುವಾರ ಅವನು ಊರಿಗೆ ಬರ್ತಾನೆ, ನೋಂದಣಿ ಅರ್ಜಿಗೆ ಸಹಿ ಹಾಕಿಸ್ತೀನಿ. ಯಂತ್ರದ ಸಾಲ ಇನ್ನು ನನ್ನದು ಅಂತ ನಾವಿಬ್ಬರೇ ಬರೆದುಕೊಂಡರೆ ಅವನು ಬಿಡುಗಡೆ ಆಗ್ತಾನಾ?

ಕೋರ್ಟ್_ರಸ್ತೆ:
ಆಗೋದಿಲ್ಲ. ಅದು ನಿಮ್ಮಿಬ್ಬರ ನಡುವಿನ ಒಪ್ಪಂದ, ಬ್ಯಾಂಕಿಗೆ ಅನ್ವಯಿಸುವುದಿಲ್ಲ. ಬ್ಯಾಂಕ್ ಒಪ್ಪಿ ಪತ್ರ ಕೊಡಬೇಕು. ವಿಸರ್ಜನೆ ಪತ್ರದಲ್ಲಿ ಯಂತ್ರ, ಡೈ (ತಟ್ಟೆಯ ಅಚ್ಚು), ಉಳಿದ ಹಾಳೆ ದಾಸ್ತಾನು, ಈ 4 ಲಕ್ಷ 20 ಸಾವಿರ ಯಾರ ಪಾಲಿಗೆ ಎಷ್ಟು ಅಂತ ಬಿಡಿಬಿಡಿಯಾಗಿ ಬರೆಸಿ. ಫರ್ಮ್ ಮುಗಿಸುವಾಗ ರಿಜಿಸ್ಟ್ರಾರ್‌ಗೆ ತಿಳಿಸಿ, ಗೆಜೆಟ್‌ನಲ್ಲೂ ಒಂದು ಕನ್ನಡ ಪತ್ರಿಕೆಯಲ್ಲೂ ಪ್ರಕಟಣೆ ಕೊಡಿ. ಅಲ್ಲಿಯವರೆಗೆ ಒಬ್ಬರು ಮಾಡುವ ವ್ಯವಹಾರಕ್ಕೆ ಇನ್ನೊಬ್ಬರೂ ಹೊಣೆಯಾಗುವ ಸಾಧ್ಯತೆ ಇರುತ್ತದೆ.