16 ತಿಂಗಳ ಮಗಳು ಮನೆಗೆ ಬರುತ್ತಿದ್ದಾಳೆ, ಮೊದಲ ತಿಂಗಳುಗಳು ಹೇಗಿರಬೇಕು?

ಪ್ರಶ್ನೆ: ಶಿವಮೊಗ್ಗದಿಂದ ಒಬ್ಬ ಅಮ್ಮ

ನಮಸ್ಕಾರ. ಕೇಂದ್ರ ಸರ್ಕಾರದ ದತ್ತು ಸಂಸ್ಥೆ ಕಾರಾ ಮೂಲಕ ನಾವು ಹೆಣ್ಣುಮಗುವನ್ನು ದತ್ತು ತೆಗೆದುಕೊಳ್ಳುತ್ತಿದ್ದೇವೆ. ಈಗ 16 ತಿಂಗಳು. ಹುಟ್ಟಿದ ವಾರದಿಂದಲೂ ದತ್ತು ಕೇಂದ್ರದಲ್ಲೇ ಬೆಳೆದವಳು. ಮುಂದಿನ ವಾರ ಮನೆಗೆ ಬರುತ್ತಾಳೆ. ತೂಕ ಕಡಿಮೆ, ಹಿಡಿದುಕೊಂಡು ನಿಲ್ಲುತ್ತಾಳೆ, ನಡೆಯುವುದಿಲ್ಲ, ಮಾತು ಬಂದಿಲ್ಲ ಎಂದು ವರದಿಯಲ್ಲಿದೆ. ಇಷ್ಟಕ್ಕೆ ನಾವು ಹೆದರಿರಲಿಲ್ಲ. ಆದರೆ ನಮ್ಮ ಭಾವ ಒಂದು ವಿಡಿಯೋ ಕಳಿಸಿದರು. ಮೆದುಳು ಬೆಳೆಯುವುದೆಲ್ಲ ಗರ್ಭದಿಂದ ಎರಡು ವರ್ಷದ ತನಕದ ಸಾವಿರ ದಿನದಲ್ಲಂತೆ. "ಮುಕ್ಕಾಲು ಭಾಗ ಮುಗಿದೇ ಹೋಯ್ತಲ್ಲ, ಇನ್ನೇನು ಮಾಡ್ತೀರಿ?" ಅಂದರು. ಅವತ್ತಿನಿಂದ ನನಗೆ ನಿದ್ದೆಯಿಲ್ಲ. ಇಂಥ ಮಕ್ಕಳನ್ನು ಮನೆಗೆ ತಂದವರು, ನೋಡಿಕೊಂಡವರು ಇದ್ದರೆ ದಯವಿಟ್ಟು ಹೇಳಿ. ಇನ್ನೊಂದು, ನಾಮಕರಣ ದೊಡ್ಡದಾಗಿ ಮಾಡಬೇಕು ಅಂತ ನಮ್ಮತ್ತೆಗೆ ಆಸೆ. ಮಾಡಬಹುದಾ?

ಹುಬ್ಬಳ್ಳಿಯ ಒಬ್ಬ ಅಪ್ಪ

ಅಕ್ಕಾ, ಮೊದಲು ಅಭಿನಂದನೆ. ನಮ್ಮ ಮಗ ಬಂದಾಗ ಅವನಿಗೆ ಒಂದೂವರೆ ವರ್ಷ ಆಗಿತ್ತು. ಈಗ ಮೂರನೇ ಕ್ಲಾಸು, ಮನೆ ತುಂಬ ಗದ್ದಲ. ಹಾಗಾಗಿ ಧೈರ್ಯವಾಗಿ ಬರೆಯುತ್ತಿದ್ದೇನೆ.

ಅವನು ಅಳುತ್ತಿರಲಿಲ್ಲ. ಬಿದ್ದು ಹಣೆ ಊದಿದರೂ ಅಳಲಿಲ್ಲ. ರಾತ್ರಿ ಎಚ್ಚರವಾದರೆ ಸುಮ್ನೆ ಕಣ್ಣು ಬಿಟ್ಟುಕೊಂಡು ಮಲಗಿರುತ್ತಿದ್ದ. "ಎಂಥ ಶಾಣ್ಯಾ ಹುಡುಗ, ಕಾಟಾನೇ ಇಲ್ಲ" ಅಂತ ಬಂದವರೆಲ್ಲ ಹೊಗಳಿದರು. ನಮಗೂ ಖುಷಿಯೇ ಆಗಿತ್ತು. ಆಮೇಲೆ ಡಾಕ್ಟರ್ ಹೇಳಿದರು: ಅಳು ಅಂದರೆ ಯಾರನ್ನೋ ಕರೆಯುವುದು. ಕರೆದು ಕರೆದು ಯಾರೂ ಬರದಿದ್ದರೆ ಮಗು ಕರೆಯುವುದನ್ನೇ ಬಿಡುತ್ತದೆ. ಕೇಂದ್ರದ ಆಯಾಗಳನ್ನು ದೂರಲು ಹೇಳುತ್ತಿಲ್ಲ. ಒಬ್ಬರು ಅಷ್ಟು ಮಕ್ಕಳ ಹಿಂದೆ ಎಷ್ಟು ಓಡುತ್ತಾರೆ?

ಆಗಿನಿಂದ ಅವನು ಅಳುವುದನ್ನು ಕಾಯದೆ ನಾವೇ ಹೋಗಲು ಶುರು ಮಾಡಿದೆವು. ರಾತ್ರಿ ಕಣ್ಣು ಬಿಟ್ಟಿದ್ದರೆ ಎತ್ತಿಕೊಳ್ಳುವುದು. ಬಿದ್ದರೆ ಅವನು ಅಳದಿದ್ದರೂ ಹೋಗಿ ಉಜ್ಜಿ, ಊದಿ, ನೆಲಕ್ಕೆ ಎರಡು ಏಟು ಹೊಡೆಯುವುದು. ಕೆಲವು ತಿಂಗಳಾದ ಮೇಲೆ ಒಂದು ದಿನ ಬಾಗಿಲಿಗೆ ಬೆರಳು ಸಿಕ್ಕಿಸಿಕೊಂಡು ಓಣಿ ಕೇಳುವಂತೆ ಕಿರುಚಿದ. ಕಿರುಚುತ್ತಾ ನನ್ನ ಹೆಂಡತಿಯ ಕಡೆಗೇ ಬಂದ. ಬೆರಳಿಗೆ ಏನೂ ಆಗಿರಲಿಲ್ಲ, ಅವಳು ಮಾತ್ರ ಅವನಿಗಿಂತ ಜಾಸ್ತಿ ಅತ್ತಳು.

ಎರಡನೆಯದು, ಯಾರು ಕೈ ಚಾಚಿದರೂ ಹೋಗುತ್ತಿದ್ದ. ತರಕಾರಿ ಗಾಡಿಯವರು, ಕೊರಿಯರ್ ಹುಡುಗ, ಯಾರಾದರೂ ಸರಿ. ಜನಕ್ಕೆ ಇದು ಬಹಳ ಇಷ್ಟವಾಗುತ್ತದೆ. ಆದರೆ ಒಂದೂವರೆ ವರ್ಷದ ಮಗು ಹೊಸಬರನ್ನು ಕಂಡರೆ ಸ್ವಲ್ಪ ಮುದುಡಬೇಕು, ಅಮ್ಮನ ಸೆರಗು ಹಿಡಿಯಬೇಕು. ಎಲ್ಲರೂ ಒಂದೇ ಅಂದರೆ ತನ್ನವರು ಅಂತ ಯಾರೂ ಇನ್ನೂ ಆಗಿಲ್ಲ ಅಂತ ಅರ್ಥ. ಅದಕ್ಕೆ ಮನೆಯಲ್ಲಿ ಒಂದು ಕಟ್ಟು ಮಾಡಿದೆವು. ಊಟ ಮಾಡಿಸುವುದು, ಸ್ನಾನ ಮಾಡಿಸುವುದು, ಮಲಗಿಸುವುದು, ಪೆಟ್ಟಾದಾಗ ಎತ್ತಿಕೊಳ್ಳುವುದು ನಾವಿಬ್ಬರೇ. ಉಳಿದವರು ಬರಲಿ, ಆಡಿಸಲಿ, ಆದರೆ ಈ ನಾಲ್ಕು ಬೇಡ. ನಮ್ಮವ್ವ ಮುನಿಸಿಕೊಂಡಳು. ಆಮೇಲೆ ಸರಿಹೋದಳು.

ಊಟದ ವಿಷಯಕ್ಕೂ ತಯಾರಾಗಿರಿ. ಗಂಜಿ, ಬಾಟಲಿ ಹಾಲು ಬಿಟ್ಟು ಬೇರೇನೂ ಅಗಿಯಲು ಬರುತ್ತಿರಲಿಲ್ಲ. ತಟ್ಟೆ ಖಾಲಿಯಾದರೆ ಗಾಬರಿ. ದಿಂಬಿನ ಕೆಳಗೆ ಚಪಾತಿ ಚೂರು ಸಿಗುತ್ತಿತ್ತು. ಬೈಯಲಿಲ್ಲ. ಅವನ ಕೈಗೆ ಸಿಗುವ ಕಡೆ ಬಿಸ್ಕತ್ತಿನ ಡಬ್ಬಿ ಇಟ್ಟೆವು. ಯಾವಾಗ ತೆರೆದರೂ ಅದರಲ್ಲಿ ಇರುತ್ತದೆ ಅಂತ ಗೊತ್ತಾದ ಮೇಲೆ ಬಚ್ಚಿಡುವುದು ನಿಂತಿತು.

ನಾಮಕರಣ ಮನೆಮಟ್ಟಿಗೆ ಮಾಡಿ. ನೂರಾರು ಜನ, ಮೈಕು, ಕೈಯಿಂದ ಕೈಗೆ ಮಗು, ಇದು ಈಗ ಬೇಡ. ಎಂಟು ತಿಂಗಳು ಬಿಟ್ಟು ಎರಡನೇ ಹುಟ್ಟುಹಬ್ಬ ಜೋರಾಗಿ ಮಾಡಿದರೆ ಅತ್ತೆಯವರ ಆಸೆಯೂ ತೀರುತ್ತದೆ.

ಶಿರಸಿಯ ಒಬ್ಬ ಅಜ್ಜಿ

ಹುಬ್ಬಳ್ಳಿ ತಮ್ಮ ಹೇಳಿದ್ದು ಪೂರ್ತಿ ಒಪ್ಪುವುದಿಲ್ಲ ನಾನು. ನಮ್ಮದು ಕೂಡುಕುಟುಂಬ. ಅತ್ತೆ ಎಣ್ಣೆ ಹಚ್ಚಿ ಮೀಯಿಸುತ್ತಿದ್ದರು, ನಾದಿನಿ ಉಣ್ಣಿಸುತ್ತಿದ್ದಳು, ಮಲಗಿದ್ದು ಯಾರ ಮಗ್ಗುಲಲ್ಲೋ. ನನ್ನ ಮಕ್ಕಳ ತಲೆಗೆ ಏನೂ ಆಗಲಿಲ್ಲ. ಗಂಡ ಹೆಂಡತಿ ಇಬ್ಬರೇ ಹಗಲು ರಾತ್ರಿ ಮಗು ಹಿಡಿದುಕೊಂಡು ಕೂತರೆ ತಿಂಗಳೊಳಗೆ ಸುಸ್ತಾಗುತ್ತಾರೆ. ಅತ್ತೆಯನ್ನು ದೂರ ಇಡಬೇಡಿ ಮಗಳೇ.

ದಾವಣಗೆರೆಯ ಮಕ್ಕಳ ಡಾಕ್ಟರ್

ಅಜ್ಜಿಯವರ ಮಾತೂ ಸರಿ, ಹುಬ್ಬಳ್ಳಿಯವರ ಮಾತೂ ಸರಿ. ಅಜ್ಜಿಯವರ ಮನೆಯಲ್ಲಿ ನಾಲ್ಕೈದು ಜನ ಇದ್ದರು, ಆದರೆ ವರ್ಷಗಟ್ಟಲೆ ಅದೇ ನಾಲ್ಕೈದು ಜನ. ಮಗುವಿಗೆ ಅಷ್ಟು ಜನರನ್ನು ಹಚ್ಚಿಕೊಳ್ಳಲು ಕಷ್ಟವಿಲ್ಲ. ಕೇಂದ್ರದಲ್ಲಿ ಹಾಗಲ್ಲ. ಶಿಫ್ಟ್ ಬದಲಾದರೆ ಮುಖ ಬದಲು, ಕೆಲಸ ಬಿಟ್ಟರೆ ಮತ್ತೆ ಬದಲು. ಅಂಥ ಮಗುವಿಗೆ ಮೊದಲು ಒಬ್ಬಿಬ್ಬರು ಗಟ್ಟಿಯಾಗಲಿ. ಆಮೇಲೆ ಅಜ್ಜಿ, ಅತ್ತೆ ಎಲ್ಲರೂ ಬರಲಿ. ಅತ್ತೆಯವರು ಈಗ ಅಡುಗೆಮನೆ ನೋಡಿಕೊಂಡರೆ ಅದೇ ದೊಡ್ಡ ಸಹಾಯ.

ಈಗ ಆ ವಿಡಿಯೋ ವಿಷಯ. ಹುಟ್ಟಿದಾಗ ಮೆದುಳು ದೊಡ್ಡವರ ಮೆದುಳಿನ ಕಾಲು ಭಾಗದಷ್ಟು ಇರುತ್ತದೆ. ಎರಡು ವರ್ಷದ ಹೊತ್ತಿಗೆ ಮುಕ್ಕಾಲು ದಾಟುತ್ತದೆ. ಅದು ನಿಜ. ಆದರೆ ಗಾತ್ರ ಬೆಳೆದರೆ ಕೆಲಸ ಮುಗಿಯಿತು ಅಂತಲ್ಲ. ನರಕೋಶಗಳ ನಡುವಿನ ಸಂಪರ್ಕಗಳು ಬೇಕಾದ್ದಕ್ಕಿಂತ ಜಾಸ್ತಿ ಹುಟ್ಟುತ್ತವೆ. ಬಳಕೆಯಾದವು ಉಳಿಯುತ್ತವೆ, ಆಗದವು ಕಳಚುತ್ತವೆ. ಯೋಚನೆ, ತಾಳ್ಮೆ, ಸಿಟ್ಟಿನ ಹಿಡಿತಕ್ಕೆ ಸಂಬಂಧಿಸಿದ ಮುಂಭಾಗದಲ್ಲಿ ಈ ಕೆಲಸ ಇಪ್ಪತ್ತು ದಾಟಿದ ಮೇಲೂ ನಡೆಯುತ್ತದೆ.

ನಿಮ್ಮ ಪ್ರಶ್ನೆಗೆ ಹತ್ತಿರದ ಉತ್ತರ ರೊಮೇನಿಯಾದಲ್ಲಿದೆ. ಅಲ್ಲಿ ಸರ್ವಾಧಿಕಾರಿ ಚೌಷೆಸ್ಕುವಿನ ಸರ್ಕಾರ 1966ರಲ್ಲಿ ಗರ್ಭಪಾತ ನಿಷೇಧಿಸಿತು. ಸಾಕಲಾಗದ ಮಕ್ಕಳು ಸರ್ಕಾರಿ ಅನಾಥಾಲಯಗಳನ್ನು ತುಂಬಿದರು. 1989ರಲ್ಲಿ ಆ ಸರ್ಕಾರ ಬಿದ್ದಾಗ ಅಲ್ಲಿದ್ದ ಮಕ್ಕಳ ಸಂಖ್ಯೆ ಲಕ್ಷ ಮೀರಿತ್ತು. ಹೊಟ್ಟೆಗೆ ಏನೋ ಸಿಗುತ್ತಿತ್ತು, ಮಾತಾಡಿಸುವವರು ಇರಲಿಲ್ಲ. 2000ದ ಸುಮಾರಿಗೆ ಚಾರ್ಲ್ಸ್ ನೆಲ್ಸನ್, ನೇಥನ್ ಫಾಕ್ಸ್, ಚಾರ್ಲ್ಸ್ ಝೀನಾ ಎಂಬ ಮೂವರು ಅಮೆರಿಕದ ತಜ್ಞರು ಅಲ್ಲಿನ ರಾಜಧಾನಿ ಬುಕಾರೆಸ್ಟಿನಲ್ಲಿ ಅನಾಥಾಲಯದ 136 ಮಕ್ಕಳ ಅಧ್ಯಯನ ಶುರು ಮಾಡಿದರು. ವಯಸ್ಸು ಆರು ತಿಂಗಳಿಂದ ಎರಡೂವರೆ ವರ್ಷದವರೆಗೆ. ಚೀಟಿ ಎತ್ತಿದ ಹಾಗೆ ಅರ್ಧ ಮಕ್ಕಳನ್ನು ಸಾಕುಮನೆಗಳಿಗೆ ಕಳಿಸಿದರು. ಉಳಿದವರ ವಿಷಯದಲ್ಲಿ ಆಗಿನ ಪದ್ಧತಿಯೇ ಮುಂದುವರಿಯಿತು. ಇದು ಸರಿಯಾ ಅಂತ ಆಗಲೇ ಜಗಳವಾಗಿತ್ತು, ನನಗೂ ಓದುವಾಗ ಹಿಂಸೆಯಾಗುತ್ತದೆ.

ಫಲಿತಾಂಶ ನಿಮಗೆ ಬೇಕಾದದ್ದು. ಎರಡು ವರ್ಷದೊಳಗೆ ಮನೆ ಸೇರಿದ ಮಕ್ಕಳು ಬುದ್ಧಿ, ಮಾತು, ಒಬ್ಬರನ್ನು ಹಚ್ಚಿಕೊಳ್ಳುವುದು ಎಲ್ಲದರಲ್ಲೂ ತಡವಾಗಿ ಸೇರಿದವರಿಗಿಂತ ಚೆನ್ನಾಗಿ ಚೇತರಿಸಿಕೊಂಡರು. ಎಂಟು ವರ್ಷದವರಾದಾಗ ಇಇಜಿ (ಮೆದುಳಿನ ವಿದ್ಯುತ್ ಅಲೆಗಳ ಪರೀಕ್ಷೆ) ತೆಗೆದು ನೋಡಿದರೆ, ಅವರ ಮೆದುಳಿನ ಅಲೆಗಳು ಅನಾಥಾಲಯವನ್ನೇ ಕಾಣದ ಮಕ್ಕಳ ಅಲೆಗಳಂತೆಯೇ ಇದ್ದವು. ನಿಮ್ಮ ಮಗಳಿಗೆ 16 ತಿಂಗಳು. ಭಾವನಿಗೆ ಇದನ್ನು ಕಳಿಸಿ.

ಎಲ್ಲವೂ ಸರಿಹೋಗುತ್ತದೆ ಅಂತ ಮಾತ್ರ ನಾನು ಹೇಳುವುದಿಲ್ಲ. ಚಂಚಲತೆ, ಗಮನ ನಿಲ್ಲದಿರುವುದು ಆ ಮಕ್ಕಳಲ್ಲಿ ಅಷ್ಟಾಗಿ ಇಳಿಯಲಿಲ್ಲ. ಬ್ರಿಟನ್ನಿಗೆ ದತ್ತು ಹೋದ ರೊಮೇನಿಯಾದ 165 ಮಕ್ಕಳನ್ನು ಅಲ್ಲಿನ ಮನೋವೈದ್ಯ ಮೈಕೆಲ್ ರಟರ್ ತಂಡ ದೊಡ್ಡವರಾಗುವ ತನಕ ನೋಡಿತು. ಆರು ತಿಂಗಳೊಳಗೆ ಬಂದವರು ಬಹುತೇಕ ಉಳಿದ ಮಕ್ಕಳಂತೆಯೇ ಬೆಳೆದರು. ಅದಕ್ಕಿಂತ ಜಾಸ್ತಿ ಕಾಲ ಅಲ್ಲಿದ್ದವರಲ್ಲಿ ಬುದ್ಧಿಮಟ್ಟ ವರ್ಷ ಕಳೆದಂತೆ ಸಮವಾಯಿತು. ಆದರೆ ಗಮನದ ತೊಂದರೆ, ಜನರ ಜೊತೆ ಹೊಂದಿಕೊಳ್ಳುವ ಕಷ್ಟ ಹಲವರಲ್ಲಿ ಉಳಿಯಿತು. ಅಂಥವರಲ್ಲೂ ಐವರಲ್ಲಿ ಒಬ್ಬರಿಗೆ ಯಾವ ತೊಂದರೆಯೂ ಇರಲಿಲ್ಲ. ಅಲ್ಲಿನ ಸ್ಥಿತಿ ಘೋರವಾಗಿತ್ತು ಅನ್ನುವುದನ್ನು ಮರೆಯಬೇಡಿ. ನಮ್ಮ ದತ್ತು ಕೇಂದ್ರಗಳನ್ನು ಅದಕ್ಕೆ ಹೋಲಿಸುವಂತಿಲ್ಲ.

ನಮ್ಮ ದೇಶದ್ದೇ ಒಂದು ಉದಾಹರಣೆ ಇದೆ. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಪವನ್ ಸಿನ್ಹಾ 2005ರಲ್ಲಿ ಇಲ್ಲಿ ಪ್ರಾಜೆಕ್ಟ್ ಪ್ರಕಾಶ್ ಶುರು ಮಾಡಿದರು. ಹುಟ್ಟಿನಿಂದ ಕಣ್ಣಿನ ಪೊರೆ ಇದ್ದು ಕುರುಡಾಗಿದ್ದ ಮಕ್ಕಳಿಗೆ ಎಂಟು ಹತ್ತು ವರ್ಷ ದಾಟಿದ ಮೇಲೆ ಆಪರೇಷನ್. ಇಷ್ಟು ತಡವಾದರೆ ಮೆದುಳು ನೋಡಲು ಕಲಿಯುವುದಿಲ್ಲ ಅಂತ ಪುಸ್ತಕ ಹೇಳುತ್ತಿತ್ತು. ದೃಷ್ಟಿಯ ಹರಿತ ಕಡಿಮೆಯೇ ಉಳಿಯಿತು, ಅದು ನಷ್ಟ. ಆದರೆ ವಸ್ತು, ಆಕಾರ, ಮುಖ ಗುರುತಿಸಲು ಮಕ್ಕಳು ತಿಂಗಳುಗಳಲ್ಲಿ ಕಲಿತರು.

ಬಂದ ಮೊದಲ ವಾರಗಳಲ್ಲೇ ಹಿಮೋಗ್ಲೋಬಿನ್, ಥೈರಾಯ್ಡ್, ಕಿವಿ, ಕಣ್ಣು ಪರೀಕ್ಷೆ ಮಾಡಿಸಿ. ಕಬ್ಬಿಣದ ಕೊರತೆ ಇದ್ದರೆ ನರಗಳ ಮೇಲಿನ ಕವಚ ಸರಿಯಾಗಿ ಬೆಳೆಯುವುದಿಲ್ಲ. ಎಷ್ಟು ಮುದ್ದು ಮಾಡಿದರೂ ಅದಕ್ಕೆ ಔಷಧಿಯೇ ಬೇಕು.

ಶಿಶುಗೃಹದಲ್ಲಿ ಕೆಲಸ ಮಾಡಿದ ನಿವೃತ್ತ ನರ್ಸ್, ಮೈಸೂರು

ಕರೆದುಕೊಂಡು ಬರುವ ದಿನ ಎಲ್ಲರೂ ಫೋಟೋ, ಹೊಸ ಬಟ್ಟೆ ಅಂತ ಗಡಿಬಿಡಿಯಲ್ಲಿರುತ್ತಾರೆ. ನೀವು ಅವಳನ್ನು ಎತ್ತಿ ಆಡಿಸಿದ ಆಯಾ ಯಾರು ಅಂತ ಕೇಳಿ. ಅವರ ಜೊತೆ ಅರ್ಧ ಗಂಟೆ ಕೂತುಕೊಳ್ಳಿ. ಏನಂತ ಕರೆಯುತ್ತೀರಿ? ಯಾವ ಮಗ್ಗುಲಿಗೆ ಮಲಗುತ್ತಾಳೆ? ತಟ್ಟಿದರೆ ಮಲಗುತ್ತಾಳಾ, ತೂಗಬೇಕಾ? ಹಾಲು ಎಷ್ಟು ಬೆಚ್ಚಗಿರಬೇಕು? ಯಾವುದಕ್ಕೆ ಹೆದರುತ್ತಾಳೆ? ಇದ್ಯಾವುದೂ ಫೈಲಿನಲ್ಲಿ ಇರುವುದಿಲ್ಲ.

ಅವಳು ಹೊದೆಯುವ ಬಟ್ಟೆ ಕೊಡುತ್ತಾರಾ ಕೇಳಿ. ಕೊಟ್ಟರೆ ತಂದ ತಕ್ಷಣ ಒಗೆಯಬೇಡಿ, ವಾಸನೆ ಇರಲಿ. ಹೊಸ ಹೆಸರಿಟ್ಟರೂ ಹಳೆಯ ಹೆಸರನ್ನು ಕೆಲವು ದಿನ ಜೊತೆಗೇ ಕರೆಯಿರಿ. ಇಷ್ಟು ದಿನ ಹತ್ತಾರು ಮಕ್ಕಳ ಜೊತೆ, ದೀಪ ಹಚ್ಚಿದ ಹಾಲ್‌ನಲ್ಲಿ ಮಲಗಿದವಳು. ನಿಮ್ಮ ಮನೆಯ ಕತ್ತಲೆ, ನಿಶ್ಶಬ್ದವೇ ಅವಳಿಗೆ ಭಯ. ಬೇರೆ ರೂಮು, ಹೊಸ ತೊಟ್ಟಿಲು ಆಮೇಲೆ ನೋಡೋಣ. ಪಕ್ಕದಲ್ಲೇ, ಕೈಗೆ ಸಿಗುವ ಹಾಗೆ ಮಲಗಿಸಿ, ಚಿಕ್ಕ ದೀಪ ಇರಲಿ.

ಹಗಲು ರಾತ್ರಿಯ ಲಯ ಕೂಡ ತಪ್ಪಿರುತ್ತದೆ. ಕಾರ್ಟಿಸಾಲ್ ಅನ್ನುವ ಹಾರ್ಮೋನು ಬೆಳಗ್ಗೆ ಏರಬೇಕು, ರಾತ್ರಿ ಇಳಿಯಬೇಕು. ರೊಮೇನಿಯಾದ ಅನಾಥಾಲಯದ ಮಕ್ಕಳಲ್ಲಿ ಅದು ದಿನವಿಡೀ ಒಂದೇ ಮಟ್ಟದಲ್ಲಿ ಇತ್ತಂತೆ. ಸ್ನಾನ, ಊಟ, ನಿದ್ದೆ ದಿನಾ ಅದೇ ಹೊತ್ತಿಗೆ, ಅದೇ ಕ್ರಮದಲ್ಲಿ ಆಗಲಿ. ಎಣ್ಣೆ ಹಚ್ಚುವುದು ಬಹಳ ಒಳ್ಳೆಯದು, ಆದರೆ ಮುಟ್ಟಿದರೆ ಸೆಟೆದುಕೊಳ್ಳುತ್ತಾಳಾ ನೋಡಿ. ಹಾಗಿದ್ದರೆ ಅಂಗಾಲಿನಿಂದ ಶುರು ಮಾಡಿ.

ಮಾತಿನ ಥೆರಪಿಸ್ಟ್, ಮಂಗಳೂರು

ಮೊದಲು ಕಿವಿ ಪರೀಕ್ಷೆ. ಡಾಕ್ಟರ್ ಹೇಳಿದ್ದನ್ನೇ ಮತ್ತೆ ಹೇಳುತ್ತಿದ್ದೇನೆ, ಜನ ಅದೊಂದನ್ನು ಬಿಟ್ಟು ಉಳಿದದ್ದೆಲ್ಲ ಮಾಡುತ್ತಾರೆ.

ಆಮೇಲೆ, ಅವಳು ಏನು ನೋಡುತ್ತಾಳೋ ಅದರ ಬಗ್ಗೆ ಮಾತಾಡಿ. ಕಾಗೆ ಕಡೆ ನೋಡಿದರೆ "ಕಾಗೆ! ಕಾ ಕಾ ಅಂತು ಅಲ್ವಾ?" ಅನ್ನಿ, ನಿಲ್ಲಿಸಿ, ಕಾಯಿರಿ. ಅವಳು "ಆ" ಅಂದರೂ ಅದು ಅವಳ ಸರದಿ. ಅದಕ್ಕೆ ಉತ್ತರ ಕೊಡಿ. ಮಾತಿನ ದಾರಿ ಮೆದುಳಿನಲ್ಲಿ ಬೀಳುವುದೇ ಈ ಕೊಡು ಕೊಳ್ಳುವಿಕೆಯಿಂದ. ಟಿವಿಗೆ ಸರದಿ ಗೊತ್ತಿಲ್ಲ. ಎರಡು ವರ್ಷದ ತನಕ ಮೊಬೈಲು, ಟಿವಿ ಬೇಡವೇ ಬೇಡ, ಉಣ್ಣಿಸುವಾಗಲೂ. ಕೇಂದ್ರದಲ್ಲಿ ಬೇರೆ ಭಾಷೆ ಆಡುತ್ತಿದ್ದರೆ "ಬಾ", "ಹಾಲು", "ಬೇಡ" ಇಂಥ ಹತ್ತು ಮಾತು ಕೇಳಿಕೊಂಡು ಬನ್ನಿ.

ಕೇಳಿದ ಅಮ್ಮ

ಎಲ್ಲರಿಗೂ ಕೈಮುಗಿಯುತ್ತೇನೆ. ಅತ್ತೆಗೆ ಓದಿ ಹೇಳಿದೆ. ನಾಮಕರಣ ಮನೆಯಲ್ಲೇ ಅಂತ ಒಪ್ಪಿದರು, ಒಬ್ಬಟ್ಟು ಮಾತ್ರ ಬಿಡುವುದಿಲ್ಲವಂತೆ. ಇನ್ನೊಂದು ಭಯ. ನಾನು ಆಗಾಗ ಸಿಡುಕುತ್ತೇನೆ, ಸುಸ್ತಾದರೆ ಮಾತೇ ಬೇಡ ಅನಿಸುತ್ತದೆ. ಅಂಥ ಹೊತ್ತಿನಲ್ಲಿ ಅವಳು ಕರೆದು ನಾನು ತಿರುಗಿ ನೋಡದಿದ್ದರೆ?

ದಾವಣಗೆರೆಯ ಮಕ್ಕಳ ಡಾಕ್ಟರ್

1970ರ ದಶಕದಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಎಡ್ವರ್ಡ್ ಟ್ರಾನಿಕ್ ಒಂದು ಪ್ರಯೋಗ ಮಾಡಿದರು. ಆಡುತ್ತಿದ್ದ ತಾಯಿ ಇದ್ದಕ್ಕಿದ್ದಂತೆ ಮುಖ ಕಲ್ಲು ಮಾಡಿಕೊಳ್ಳಬೇಕು. ಮಗು ನಗುತ್ತದೆ, ಕೈ ಚಾಚುತ್ತದೆ, ಆಮೇಲೆ ಮುಖ ತಿರುಗಿಸಿ ಅಳುತ್ತದೆ. ಜನ ಇಷ್ಟಕ್ಕೇ ನಿಲ್ಲಿಸಿ ಹೆದರಿಸುತ್ತಾರೆ. ಅದೇ ಟ್ರಾನಿಕ್ ಇನ್ನೊಂದು ಮಾತು ಹೇಳಿದ್ದಾರೆ. ಚೆನ್ನಾಗಿರುವ ತಾಯಿ ಮಗುವೂ ತಾಳಕ್ಕೆ ತಾಳ ಕೂಡುವುದು ಮೂರನೇ ಒಂದು ಭಾಗದಷ್ಟು ಹೊತ್ತು ಮಾತ್ರ. ಉಳಿದ ಹೊತ್ತು ತಪ್ಪುವುದು, ಮತ್ತೆ ಕೂಡಿಸಿಕೊಳ್ಳುವುದು. ಹಾಗಾಗಿ ತಿರುಗಿ ನೋಡದಿದ್ದರೆ ಐದು ನಿಮಿಷ ಬಿಟ್ಟು ನೋಡಿ. ಆದರೆ ಬೇಸರ ವಾರಗಟ್ಟಲೆ ಬಿಡದಿದ್ದರೆ ನಿಮಗೂ ಡಾಕ್ಟರ್ ಬೇಕು. ಹೆರದ ಅಮ್ಮಂದಿರಿಗೂ ಖಿನ್ನತೆ ಬರುತ್ತದೆ.

ಹುಬ್ಬಳ್ಳಿಯ ಅಪ್ಪ

ಜಿಲ್ಲಾ ಆಸ್ಪತ್ರೆಯಲ್ಲಿ ಡಿಇಐಸಿ ಅಂತ, ಮಕ್ಕಳ ಬೆಳವಣಿಗೆಯ ತೊಂದರೆಗಳನ್ನು ಬೇಗ ಗುರುತಿಸಿ ನೋಡುವ ವಿಭಾಗ ಇದೆಯಾ ವಿಚಾರಿಸಿ. 2013ರಲ್ಲಿ ಶುರುವಾದ ಕೇಂದ್ರ ಸರ್ಕಾರದ ಬಾಲ ಸ್ವಾಸ್ಥ್ಯ ಯೋಜನೆಯದು, ದುಡ್ಡು ಕೊಡಬೇಕಿಲ್ಲ. ನಡಿಗೆ, ಮಾತು, ಕಿವಿ, ಕಣ್ಣು ಒಂದೇ ಕಡೆ ನೋಡುತ್ತಾರೆ. ಇನ್ನು ಕಾರಾ ನಿಯಮದಂತೆ ಎರಡು ವರ್ಷ, ಆರು ತಿಂಗಳಿಗೊಮ್ಮೆ ಸಮಾಜ ಕಾರ್ಯಕರ್ತರು ಬರುತ್ತಾರೆ. ಬಹಳ ಜನ ಅದನ್ನು ಇನ್‌ಸ್ಪೆಕ್ಷನ್ ಅಂದುಕೊಂಡು ಮನೆ ಒರೆಸಿ, ಎಲ್ಲ ಚೆನ್ನಾಗಿದೆ ಅಂದು ಕಳಿಸುತ್ತಾರೆ. ನೀವು ಕಷ್ಟಗಳ ಪಟ್ಟಿ ಮಾಡಿಟ್ಟುಕೊಂಡು ಕೂರಿಸಿ ಕೇಳಿ. ಲಸಿಕೆ ಕಾರ್ಡಿನ ಮೂಲಪ್ರತಿ ಕೇಂದ್ರದಿಂದ ಅದೇ ದಿನ ಇಸಿದುಕೊಳ್ಳಿ.